ಇನೆಸ್ ಕಾಯುವ ಎರಡು ನಿಮಿಷ

ವಿಶ್ವವಿದ್ಯಾಲಯವು ಮಾರ್ಚ್ ಹದಿನಾಲ್ಕರಂದು ಇನೆಸ್ ಬಾರಗಾನ್ ಅವರನ್ನು ಕೆಲಸದಿಂದ ತೆಗೆಯಿತು. ಅವರ ಇಪ್ಪತ್ತೆರಡು ಪಾಠಗಳ ವಿಡಿಯೊಗಳನ್ನು ಇಟ್ಟುಕೊಂಡಿತು.

ಇನೆಸ್ ಬೆಳೆದದ್ದು ಕ್ಯಾಲಿಫೋರ್ನಿಯಾದ ಲೆಟ್ಯೂಸ್ ಸೊಪ್ಪಿನ ಹೊಲಗಳಲ್ಲಿ. ಅಪ್ಪ ಅಮ್ಮ ಮೆಕ್ಸಿಕೊದಿಂದ ಬಂದ ಕೂಲಿಗಳು. ಆ ಮೂಲದವರನ್ನು ಹೀಗಳೆಯಲು ಅಮೆರಿಕದವರು ಆಡುತ್ತಿದ್ದ ಹೆಸರನ್ನೇ ಕಿತ್ತುಕೊಂಡು, 'ನಾನು ಚಿಕಾನಾ' ಎಂದು ತಮ್ಮ ಪುಸ್ತಕಗಳ ಬೆನ್ನಿಗೆ ಅಚ್ಚು ಹಾಕಿಸಿದವರು ಇನೆಸ್. ನಾಲ್ಕು ಕಾದಂಬರಿ; ಬರ್ಮಿಂಗ್‌ಹ್ಯಾಮಿನ ಈ ವಿಶ್ವವಿದ್ಯಾಲಯದಲ್ಲಿ ಹತ್ತೊಂಬತ್ತು ವರ್ಷ ಪಾಠ. ಪಾಠದ ನಡುವೆ ಥಟ್ಟನೆ ನಿಂತು, "ನಾನು ಹೇಳಿದ್ದು ತಪ್ಪು ಅನ್ನೋರು ಯಾರು?" ಎಂದು ಕೇಳುವರು. ಯಾರಾದರೂ ಎದುರಾಡುವವರೆಗೆ ಮುಂದಿನ ಮಾತಿಲ್ಲ. ಕೋಲಾರದ ಝಾಹಿದಾ ಜೀವನದಲ್ಲಿ ಮೊದಲ ಸಲ ಮೇಡಮ್ ಒಬ್ಬರ ಜತೆ ಜಗಳವಾಡಿದ್ದು ಆ ಕ್ಲಾಸಿನಲ್ಲೇ. ಆಮೇಲೆ ಅವರ ಹತ್ತಿರವೇ ಪಿಎಚ್‌ಡಿಗೆ ಸೇರಿದಳು.

ವಿಭಾಗದ ಮುಖ್ಯಸ್ಥ ವಿಶ್ವೇಶ್ವರ ಮೈಸೂರಿನವರು. ಝಾಹಿದಾಳನ್ನು ಕರೆಸಿ, ಬಾಗಿಲು ಹಾಕಿ, ಕನ್ನಡಕ್ಕಿಳಿದರು.

"ನೋಡಮ್ಮ, ಶುಕ್ರವಾರದಿಂದ ಹೊಸ ಬ್ಯಾಚು, ಇನೆಸ್ ಕ್ಲಾಸು ನಿಂದು. ಏನಿಲ್ಲ, ಪ್ಲೇ ಒತ್ತೋದು, ಅಟೆಂಡೆನ್ಸ್ ಹಾಕೋದು. ಮೊದಲ ಸ್ಲೈಡಲ್ಲಿ ಅವರ ಹೆಸರಿದೆ, ತೆಗೆದುಬಿಡು. ಸುಮ್ನೆ ನಿಂತಿರೋ ಕಡೆಯೆಲ್ಲ ಕಟ್ ಮಾಡು."

"ಅವರನ್ನ ಕೇಳಿದ್ರಾ ಸರ್?"

"ಯಾಕೆ ಕೇಳ್ಬೇಕು? ಕಾಂಟ್ರಾಕ್ಟಲ್ಲಿದೆ, ವಿಡಿಯೊ ನಮ್ದು."

"ಅಂದ್ರೆ ದನಿ ಬೇಕು, ಅವರು ಬೇಡ."

"ಈ ಡೈಲಾಗೆಲ್ಲ ನಿನ್ನ ಫ್ರೆಂಡ್ಸ್ ಹತ್ರ ಹೊಡಿ. ಇನ್ಮೇಲೆ ನಿನ್ನ ಗೈಡು ನಾನು. ನಿನ್ನ ಥೀಸಿಸ್ಸು ನನ್ನ ಸಹಿ ಇಲ್ದೆ ಅಲ್ಲಾಡಲ್ಲ. ವೀಸಾನೂ ನೆನಪಿರಲಿ."

ಶುಕ್ರವಾರ ಝಾಹಿದಾ ಹೋದಳು. ಹೆದರಿದ್ದಳು. ಸ್ಲೈಡಿನ ಹೆಸರನ್ನು ಅಳಿಸಿದ್ದೂ ಅವಳೇ. ಇನೆಸ್ ಸುಮ್ಮನೆ ನಿಂತ ಕಡೆಗಳನ್ನು ಕತ್ತರಿಸಲು ಮಾತ್ರ ಕೈ ಬಂದಿರಲಿಲ್ಲ.

ಪರದೆಯ ಮೇಲೆ ಇನೆಸ್ ಅದೇ ಪ್ರಶ್ನೆ ಕೇಳಿದರು, ಕಾದರು. ವಿಡಿಯೊ ಹಿಡಿದಿದ್ದು ಅವರ ಮೈಕಿನ ದನಿಯನ್ನಷ್ಟೇ. ಎದುರಾಡಿದವರ ದನಿ ಅದರಲ್ಲಿ ಇರಲಿಲ್ಲ. ಎರಡು ನಿಮಿಷ ಸದ್ದಿಲ್ಲ. ನಲವತ್ತು ತಲೆಗಳು ಫೋನಿಗೆ ಬಗ್ಗಿದವು. ಆಮೇಲೆ ಇನೆಸ್ ಜೋರಾಗಿ ನಕ್ಕು, "ಸರಿ ಝಾಹಿದಾ, ಇಲ್ಲಿ ನಾನು ಸೋತೆ" ಎಂದರು.

ತಲೆಗಳು ಎದ್ದವು.

"ಅದು ನೀವಾ? ಏನಂದ್ರಿ ಆವತ್ತು?" ಮುಂದಿನ ಸಾಲಿನ ಹುಡುಗಿ ಕೇಳಿದಳು. "ಮತ್ತೆ ಅವರ್ಯಾರು?"

ಝಾಹಿದಾ ವಿಡಿಯೊ ನಿಲ್ಲಿಸಿದಳು. ಬೋರ್ಡಿನ ಮೇಲೆ ದೊಡ್ಡದಾಗಿ ಇನೆಸ್ ಬಾರಗಾನ್ ಎಂದು ಬರೆದಳು. ಅವರನ್ನು ಯಾವ ದಿನ ತೆಗೆದರೆಂಬುದನ್ನೂ ಬರೆದಳು.

ಬಾಗಿಲಲ್ಲಿ ವಿಶ್ವೇಶ್ವರ ನಿಂತಿದ್ದರು.

"ಕಟ್ ಮಾಡು ಅಂದಿದ್ನಲ್ಲ," ಕನ್ನಡದಲ್ಲೇ ಹಲ್ಲು ಕಡಿದರು. "ಅಳಿಸು ಅದನ್ನ. ಪ್ಲೇ ಒತ್ತು."

"ಒತ್ತಲ್ಲ ಸರ್," ಎಂದಳು ಝಾಹಿದಾ. ಮತ್ತೆ ಇಡೀ ಕ್ಲಾಸಿಗೆ ತಿಳಿಯಲೆಂದು ಅದನ್ನೇ ಇಂಗ್ಲಿಷಿನಲ್ಲಿ ಹೇಳಿದಳು.