ಕೊಕ್ಕೆ ವೇದಿಕೆಗೆ ಬಂದಾಗ

ಹಲ್ಲಿನ ಡಾಕ್ಟರಿಗೆ ಮಾತೆಂದರೆ ಪ್ರಾಣ. ಎದುರಿಗಿರುವವರು ಬಾಯಿ ಅಗಲಿಸಿಕೊಂಡು, ಒಸಡಿನ ಪಕ್ಕ ಹತ್ತಿ ತುರುಕಿಸಿಕೊಂಡು, ಹೌದು ಅನ್ನಲೂ ಆಗದೆ ಅಲ್ಲ ಅನ್ನಲೂ ಆಗದೆ ಒರಗಿರುವಾಗ ಅವರ ಮಾತು ಇನ್ನಷ್ಟು ರಂಗೇರುತ್ತಿತ್ತು. ಹೆಚ್ಚಾಗಿ ಅದು ಪದಬಂಧದ ಮಾತು. ಊರಿನ ಪತ್ರಿಕೆಯ ವಾರದ ಪುರವಣಿಯಲ್ಲಿ ಕೊನೆಯ ಪುಟದ ಮೂಲೆಗೆ ಬರುತ್ತಿದ್ದ ಆ ಕಪ್ಪು ಬಿಳಿ ಚೌಕಗಳ ಮೇಲೆ ಅವರಿಗೆ ಇದ್ದ ಹುಚ್ಚು ಅಷ್ಟಿಷ್ಟಲ್ಲ.

ಹುಚ್ಚು ಅವರೊಬ್ಬರದೇ ಆಗಿರಲಿಲ್ಲ. ಮನೆಯ ಮುಂಭಾಗದಲ್ಲೇ ಇದ್ದ ಕ್ಲಿನಿಕ್ಕಿಗೆ ಭಾನುವಾರ ರಜೆ. ಅಂದು ಬೆಳಿಗ್ಗೆ ರೋಗಿಗಳು ಕಾಯುವ ಹೊರಕೋಣೆಯಲ್ಲಿ ಒಂದು ಗುಂಪು ಸೇರುತ್ತಿತ್ತು. ಬಸ್ ಕಂಡಕ್ಟರ್ ಒಬ್ಬರು, ಸಾರ್ವಜನಿಕ ಗ್ರಂಥಾಲಯದ ಲೈಬ್ರರಿಯಮ್ಮ, ಬಟ್ಟೆ ಅಂಗಡಿಯ ಅಣ್ಣತಮ್ಮಂದಿರಿಬ್ಬರು, ಇನ್ನೂ ಕೆಲವರು. ತಮ್ಮನ್ನು ತಾವು ‘ಪದಬಂಧುಗಳು’ ಎಂದು ಕರೆದುಕೊಳ್ಳುತ್ತಿದ್ದರು. ರಕ್ತಸಂಬಂಧಿಗಳು ಕೈಬಿಟ್ಟರೂ ಪದಸಂಬಂಧಿಗಳು ಬಿಡುವುದಿಲ್ಲ ಎಂದು ಕಂಡಕ್ಟರ್ ನಗಿಸುತ್ತಿದ್ದರು. ಎಲ್ಲರೂ ಒಟ್ಟಿಗೇ ಪುರವಣಿ ಬಿಡಿಸಬೇಕು, ಮೊದಲು ಮುಗಿಸಿದವರಿಗೆ ಆ ವಾರ ಗುಂಪಿನ ಬಹುಮಾನದ ಕಪ್ಪು. ಆ ಪುಟ್ಟ ಹಿತ್ತಾಳೆ ಕಪ್ಪು ಡಾಕ್ಟರ ಗಾಜಿನ ಕಪಾಟು ಬಿಟ್ಟು ಹೊರಗೆ ಹೋದದ್ದು ಅಪರೂಪ.

ಪತ್ರಿಕೆಯವರ ಬಹುಮಾನದ ಕಥೆ ಮಾತ್ರ ಬೇರೆ. ಸರಿಯುತ್ತರ ಬರೆದು ಅಂಚೆಗೆ ಹಾಕಬೇಕು, ಬಂದ ಲಕೋಟೆಗಳನ್ನು ಪೆಟ್ಟಿಗೆಗೆ ಹಾಕಿ ಒಂದನ್ನು ಎತ್ತುತ್ತಾರೆ, ಆ ಅದೃಷ್ಟವಂತರ ಹೆಸರು ಮುಂದಿನ ವಾರ ಅಚ್ಚಾಗುತ್ತದೆ. ಕಂಡಕ್ಟರ ಹೆಸರು ಬಂದಿತ್ತು, ಲೈಬ್ರರಿಯಮ್ಮನದು ಬಂದಿತ್ತು, ಬಟ್ಟೆ ಅಂಗಡಿಯ ತಮ್ಮನದೂ ಬಂದಿತ್ತು. ಒಂದು ವಾರವೂ ತಪ್ಪದೆ ಕಳಿಸುತ್ತಿದ್ದ ಡಾಕ್ಟರದು ಮಾತ್ರ ಬಂದೇ ಇರಲಿಲ್ಲ. “ನನ್ನ ಹಣೆಬರಹವೇ ಇಷ್ಟು” ಎಂದು ಅವರು ಪ್ರತಿ ಭಾನುವಾರ ಕೈ ಚೆಲ್ಲುತ್ತಿದ್ದರು.

ಪದಬಂಧ ರಚಿಸುವವರು ‘ಕೊಕ್ಕೆ’ ಎಂಬ ಹೆಸರಿನಲ್ಲಿ ಬರೆಯುತ್ತಿದ್ದರು. ಯಾರು, ಎಲ್ಲಿಯವರು ಎಂದು ಯಾರಿಗೂ ತಿಳಿಯದು. ಸುಳಿವುಗಳು ಮಾತ್ರ ಒಂದಕ್ಕಿಂತ ಒಂದು ತುಂಟ. ‘ಹಿಂದಿನಿಂದ ಓದಿದರೂ ಹೊಸದಾಗಿಯೇ ಇರುವುದು, ಮೂರಕ್ಷರ’ ಎಂಬುದಕ್ಕೆ ಗುಂಪು ತಲೆ ಕೆರೆದುಕೊಳ್ಳುತ್ತಿದ್ದಾಗ ಡಾಕ್ಟರು ‘ನವೀನ’ ಎಂದು ಬರೆದು ಚೌಕ ತುಂಬಿಸಿದ್ದರು. ‘ಹಲ್ಲುಂಟು, ಡಾಕ್ಟರ ಹಂಗಿಲ್ಲ, ನಾಲ್ಕಕ್ಷರ’ ಎಂದು ಬಂದ ವಾರ ‘ಬಾಚಣಿಗೆ’ ಎಂದು ಬರೆದು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು.

“ಈ ಮನುಷ್ಯನ ತಲೆಯೊಳಗೆ ಏನಿದೆ ಅಂತ ನನಗೆ ಚೆನ್ನಾಗಿ ಗೊತ್ತು,” ಎನ್ನುತ್ತಿದ್ದರು. “ರಿಟೈರಾದ ಪ್ರೊಫೆಸರ್. ಒಂಟಿ ಜೀವ. ಮಾತು ಕಡಿಮೆ, ಓದು ಜಾಸ್ತಿ. ಬರೆದಿಟ್ಟುಕೊಳ್ಳಿ ಬೇಕಾದರೆ.”

ಈ ಮಾತನ್ನು ಮನೆಯಲ್ಲೂ ಹೇಳುತ್ತಿದ್ದರು. ಕೇಳಿಸಿಕೊಳ್ಳಲು ಹೆಂಡತಿ ಇದ್ದರು. ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುವುದು, ಸಮಯ ಕೊಡುವುದು, ನೋವಿನಿಂದ ಕೆನ್ನೆ ಹಿಡಿದುಕೊಂಡು ಬಂದವರನ್ನು ಸಮಾಧಾನ ಮಾಡುವುದು ಎಲ್ಲ ಅವರೇ. ಒಬ್ಬ ರೋಗಿ ಒಳಗೆ ಹೋಗಿ ಇನ್ನೊಬ್ಬರು ಬರುವವರೆಗೆ ತಲೆ ತಗ್ಗಿಸಿ ಏನೋ ಗೀಚುತ್ತಾ ಕೂರುತ್ತಿದ್ದರು. ನಾಳೆಯ ರೋಗಿಗಳ ಸಮಯ ಹೊಂದಿಸುತ್ತಿದ್ದಾಳೆ ಎಂದು ಡಾಕ್ಟರು ಅಂದುಕೊಂಡಿದ್ದರು. ಅಂದುಕೊಂಡಿದ್ದರು ಎನ್ನುವುದೂ ದೊಡ್ಡ ಮಾತೇ; ಅದರ ಬಗ್ಗೆ ಅವರು ಯೋಚಿಸಿಯೇ ಇರಲಿಲ್ಲ.

ಹೀಗಿರುವಾಗ ಪುರವಣಿಯಲ್ಲಿ ಒಂದು ಪ್ರಕಟಣೆ ಬಂತು. ಪತ್ರಿಕೆಯ ಕಚೇರಿಯ ಮೇಲಿನ ಸಭಾಂಗಣದಲ್ಲಿ ಪದಬಂಧ ಪ್ರಿಯರ ಕೂಟ, ಕೊಕ್ಕೆ ಖುದ್ದಾಗಿ ಬರುತ್ತಾರೆ, ಎಲ್ಲರಿಗೂ ಸ್ವಾಗತ. ಪದಬಂಧುಗಳಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅಭಿಮಾನಿಗಳ ಪರವಾಗಿ ಹೂಗುಚ್ಛ ಕೊಟ್ಟು ಎರಡು ಮಾತಾಡುವ ಅವಕಾಶವನ್ನು ಡಾಕ್ಟರಿಗೆ ಬಿಟ್ಟುಕೊಟ್ಟರು. ಡಾಕ್ಟರು ಎರಡರ ಬದಲು ಇಪ್ಪತ್ತು ಮಾತು ಬರೆದು ಸಿದ್ಧ ಮಾಡಿಕೊಂಡರು.

ಆ ದಿನ ಬೆಳಿಗ್ಗೆ ಹೆಂಡತಿ ಕಾಫಿ ಲೋಟ ಮುಂದಿಟ್ಟು ಅಲ್ಲೇ ನಿಂತರು.

“ರೀ, ಹೋಗೋಕ್ಕಿಂತ ಮುಂಚೆ ನಿಮ್ಮ ಹತ್ರ ಒಂದು ಮಾತು ಹೇಳ್ಬೇಕಿತ್ತು.”

“ಬಂದ್ಮೇಲೆ ಹೇಳೇ. ಭಾಷಣದ ಮಧ್ಯದ ಭಾಗ ಮರ್ತೇ ಹೋಗ್ತಿದೆ ನಂಗೆ.”

“ನಾನೂ ಬರ್ತಿದ್ದೀನಿ ಅಲ್ಲಿಗೆ.”

“ನೀನಾ? ನಿಂಗೇನಿದೆ ಅಲ್ಲಿ? ಬರೀ ತಲೆಕೆಟ್ಟವರ ಸಂತೆ, ಬೋರಾಗುತ್ತೆ ನಿಂಗೆ.”

“ಆಗಲಿ ಬಿಡಿ,” ಎಂದು ಹೆಂಡತಿ ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು.

ಸಭಾಂಗಣ ಕಿಕ್ಕಿರಿದಿತ್ತು. ಕುರ್ಚಿ ಸಾಲದೆ ಗೋಡೆಗೆ ಒರಗಿ ನಿಂತವರೂ ಇದ್ದರು. ಎಲ್ಲೆಲ್ಲಿಂದಲೋ ಬಂದವರು ಒಬ್ಬರಿಗೊಬ್ಬರು ಹಳೆಯ ಸುಳಿವುಗಳನ್ನು ಹೇಳಿಕೊಂಡು, ಸೋತ ವಾರಗಳನ್ನು ನೆನೆದು ಹೊಟ್ಟೆ ಉರಿದುಕೊಂಡು, ಬಂಧುಗಳ ಮದುವೆಗೆ ಸೇರಿದವರಂತೆ ಗದ್ದಲ ಮಾಡುತ್ತಿದ್ದರು. ಡಾಕ್ಟರು ಹೂಗುಚ್ಛ ಹಿಡಿದು ವೇದಿಕೆಯ ಮೇಲೆ ಕೂತರು. ಜೇಬು ತಡಕಿದಾಗ ತಿಳಿಯಿತು, ಓದುವ ಕನ್ನಡಕ ಮನೆಯಲ್ಲೇ ಉಳಿದಿದೆ. ಹೇಗೋ ಬಾಯಿಪಾಠದ ಮೇಲೆ ಭಾರ ಹಾಕಿ ಮಾತು ಶುರು ಮಾಡಿದರು.

“ಕೊಕ್ಕೆಯವರನ್ನ ನಾನು ಕಣ್ಣಾರೆ ನೋಡಿಲ್ಲ. ಆದರೆ ಅವರ ಮನಸ್ಸು ನನಗೆ ಗೊತ್ತು. ನನಗಿಂತ ಹತ್ತಿರದಿಂದ ಅವರನ್ನು ಬಲ್ಲವರು ಈ ಸಭೆಯಲ್ಲಿ ಯಾರೂ ಇರಲಾರರು.”

ಚಪ್ಪಾಳೆ ಬಿತ್ತು. ಪುರವಣಿಯ ಸಂಪಾದಕರು ಎದ್ದರು. ವಯಸ್ಸಾದ, ಸಂಕೋಚದ ಮನುಷ್ಯ. ಡಾಕ್ಟರ ಮಾತು ಕೇಳಿ ಅವರ ಮುಖ ಯಾಕೋ ಕೆಂಪಾಗಿತ್ತು. “ಹಾಗಾದರೆ ಕೊಕ್ಕೆಯವರು ದಯವಿಟ್ಟು ಮೇಲೆ ಬರಬೇಕು,” ಎಂದರು.

ಎಲ್ಲರ ಕುತ್ತಿಗೆಯೂ ಬಾಗಿಲ ಕಡೆ ತಿರುಗಿತು. ಬಾಗಿಲಿನಿಂದ ಯಾರೂ ಬರಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ ಹೆಂಗಸು ಎದ್ದು, ಕೂತವರ ಮೊಣಕಾಲು ತಪ್ಪಿಸಿಕೊಳ್ಳುತ್ತಾ ಮುಂದೆ ಬಂದರು. ಡಾಕ್ಟರಿಗೆ ಹೆಂಡತಿಯ ಗುರುತು ಸಿಕ್ಕಿತು. ಅಬ್ಬ, ಸದ್ಯ, ಸರಿಯಾದ ಹೊತ್ತಿಗೆ ಬಂದಳಲ್ಲ ಎಂದು ಅವರ ಜೀವಕ್ಕೆ ಹಾಯೆನಿಸಿತು. ಮೈಕು ಇನ್ನೂ ಕೈಯಲ್ಲೇ ಇರುವುದು ಮರೆತುಹೋಗಿತ್ತು.

“ಕನ್ನಡಕ ತಂದ್ಯೇನೇ?”

ಆ ಮಾತು ಸಭಾಂಗಣದ ನಾಲ್ಕೂ ಮೂಲೆಗೆ ಕೇಳಿಸಿತು. ಹೆಂಡತಿ ಮೆಟ್ಟಿಲು ಹತ್ತಿ ಬಂದು ಚೀಲದಿಂದ ಕನ್ನಡಕ ತೆಗೆದು ಅವರ ಕೈಗಿತ್ತರು. ಆಮೇಲೆ ಕೆಳಗಿಳಿಯಲಿಲ್ಲ. ಸಂಪಾದಕರು ತೋರಿಸಿದ ಕುರ್ಚಿಯಲ್ಲಿ ಕೂತರು.

“ಇವರೇ ಕೊಕ್ಕೆ,” ಎಂದರು ಸಂಪಾದಕರು.

ಡಾಕ್ಟರು ಹೂಗುಚ್ಛ ಹಿಡಿದುಕೊಂಡೇ ನಿಂತಿದ್ದರು. ತಮಾಷೆ ಎಂದುಕೊಂಡು ಅರ್ಧ ನಕ್ಕರು. ಸಂಪಾದಕರು ನಗಲಿಲ್ಲ. ಹೆಂಡತಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಿದ್ದರು. ಡಾಕ್ಟರ ಕಿವಿಯಲ್ಲಿ ಹಲ್ಲು ಕೊರೆಯುವ ಯಂತ್ರದಂಥ ಸದ್ದು.

ಮೊದಲು ಎದ್ದವರು ಕಂಡಕ್ಟರು. ತುಂಬಿದ ಬಸ್ಸಿನಲ್ಲಿ ಹಿಂದಿನ ಬಾಗಿಲಿಗೆ ಕೂಗಿ ಪಳಗಿದ ಗಂಟಲು.

“ಏನ್ ಡಾಕ್ಟ್ರೇ ಇದು? ಪದಬಂಧದ ಕೆಳಗೆ ಪ್ರತಿವಾರ ಅಚ್ಚು ಹಾಕ್ತಾರೆ, ರಚನೆ ಮಾಡೋರ ಮನೆಯವರು ಭಾಗವಹಿಸೋ ಹಾಗಿಲ್ಲ ಅಂತ. ನಾವು ಭಾನುವಾರ ಭಾನುವಾರ ಬಂದು ತಲೆ ಚಚ್ಚಿಕೊಳ್ತಿದ್ವಿ, ನೀವು ಮನೇಲೇ ಉತ್ತರ ಇಟ್ಕೊಂಡು ಕಪ್ಪು ಹೊಡ್ಕೊಳ್ತಿದ್ರಾ?”

“ಇಲ್ಲ, ಇಲ್ಲ. ನಂಗೆ ಗೊತ್ತೇ ಇರ್ಲಿಲ್ಲ,” ಎಂದರು ಡಾಕ್ಟರು.

ಸಭೆಯೇ ಘೊಳ್ಳೆಂದು ನಕ್ಕಿತು. “ಹೆಂಡ್ತಿ ಏನ್ ಮಾಡ್ತಾಳೆ ಅಂತ ಗೊತ್ತಿಲ್ಲದ ಗಂಡ ಇರ್ತಾನಾ?” ಎಂದು ಯಾರೋ ಕೂಗಿದರು. “ಬಾಚಣಿಗೆ, ಡಾಕ್ಟರ ಹಂಗಿಲ್ಲ! ಆಗ್ಲೇ ಅನ್ಕೊಂಡೆ ನಾನು!” ಎಂದು ಬಟ್ಟೆ ಅಂಗಡಿಯ ಅಣ್ಣ ತೊಡೆ ತಟ್ಟಿಕೊಂಡರು. ಡಾಕ್ಟರು ಲೈಬ್ರರಿಯಮ್ಮನ ಕಡೆ ಆಸೆಯಿಂದ ನೋಡಿದರು. ಆಕೆ ಮುಖ ತಿರುಗಿಸಿದರು.

ಡಾಕ್ಟರು ಈಗ ಕಳ್ಳ ಎನಿಸಿಕೊಳ್ಳಬೇಕು, ಇಲ್ಲವೇ ಹೆಂಡತಿಯ ಕಡೆ ಕಣ್ಣೆತ್ತಿಯೂ ನೋಡದ ಮೂಢ ಎನಿಸಿಕೊಳ್ಳಬೇಕು. ಮೂರನೆಯ ದಾರಿಯೇ ಇರಲಿಲ್ಲ.

ಸಂಪಾದಕರು ಕೈ ಎತ್ತಿದರು. “ಸ್ವಲ್ಪ ಕೇಳಿ. ಇವರ ಲಕೋಟೆ ನಮ್ಮ ಪೆಟ್ಟಿಗೆಗೆ ಒಂದು ಸಲವೂ ಬಿದ್ದಿಲ್ಲ. ಮೊದಲನೇ ದಿನವೇ ಮೇಡಂ ಹೇಳಿಟ್ಟಿದ್ದರು, ನಮ್ಮ ಯಜಮಾನರು ಕಳಿಸ್ತಾರೆ, ದಯವಿಟ್ಟು ಬದಿಗಿಡಿ ಅಂತ. ಬಂದದ್ದನ್ನೆಲ್ಲ ಒಡೆಯದೆ ಬದಿಗಿಟ್ಟಿದ್ದೇವೆ.”

ಡಾಕ್ಟರು ಅವರನ್ನೇ ನೋಡಿದರು. ಹಣೆಬರಹವೆಂದು ಅಷ್ಟು ವರ್ಷ ಬೈದುಕೊಂಡದ್ದು ಹೆಂಡತಿಯ ಒಂದು ಮಾತಾಗಿತ್ತು. ಈ ಕಚೇರಿಯ ಗುಮಾಸ್ತನಿಗೂ ಗೊತ್ತಿದ್ದದ್ದು ತಮಗೊಬ್ಬರಿಗೇ ಗೊತ್ತಿರಲಿಲ್ಲ.

ಹೆಂಡತಿ ಎದ್ದು ಮೈಕು ತೆಗೆದುಕೊಂಡರು. ದನಿ ಫೋನಿನಲ್ಲಿ ರೋಗಿಗಳಿಗೆ ಸಮಯ ಹೇಳುವ ಅದೇ ಮೆಲುದನಿ.

“ಇವರು ಸುಳ್ಳು ಹೇಳ್ತಿಲ್ಲ. ಇವರಿಗೆ ಗೊತ್ತಿರ್ಲಿಲ್ಲ. ಎಲ್ಲ ತಾವೇ ಕಷ್ಟಪಟ್ಟು ಬಿಡಿಸಿದ್ದು. ನಾನು ಮುಂದಿನ ಮೇಜಿನಲ್ಲಿ ಕೂತೇ ಮಾಡ್ತಿದ್ದೆ, ಬಚ್ಚಿಟ್ಟು ಏನೂ ಮಾಡ್ಲಿಲ್ಲ. ಏನು ಬರೀತಿದ್ದೀಯ ಅಂತ ಇವರು ಯಾವತ್ತೂ ಕೇಳ್ಲಿಲ್ಲ, ಅಷ್ಟೆ.”

ಕಂಡಕ್ಟರು ಮೆಲ್ಲಗೆ ಕೂತರು. ಡಾಕ್ಟರಿಗೆ ಕಳ್ಳನೆನಿಸಿಕೊಂಡದ್ದೇ ವಾಸಿಯಿತ್ತು ಅನಿಸಿತು. ಕೈಯಲ್ಲಿದ್ದ ಹೂಗುಚ್ಛವನ್ನು ಅವರು ಹೆಂಡತಿಗೆ ಕೊಟ್ಟರೋ, ಆಕೆಯೇ ಇಸಿದುಕೊಂಡರೋ, ಆಮೇಲೆ ನೆನಪಿಗೆ ಬರಲಿಲ್ಲ. ಕೂಟ ಇನ್ನೂ ಬಹಳ ಹೊತ್ತು ನಡೆಯಿತು. ಜನ ಪ್ರಶ್ನೆ ಕೇಳಿದರು, ಆಕೆ ಉತ್ತರಿಸಿದರು, ಎಲ್ಲರೂ ನಕ್ಕರು. ಡಾಕ್ಟರು ಪಕ್ಕದ ಕುರ್ಚಿಯಲ್ಲಿ ಕನ್ನಡಕ ಹಾಕಿಕೊಂಡು, ಓದಲು ಏನೂ ಇಲ್ಲದೆ ಕೂತಿದ್ದರು.

ಮನೆ ತಲುಪಿ ಚಪ್ಪಲಿ ಬಿಟ್ಟು ಒಳಗೆ ಬಂದ ಮೇಲೆ ಡಾಕ್ಟರು ಕೇಳಿದರು.

“ಯಾಕೆ ಹೇಳ್ಲಿಲ್ಲ ನಂಗೆ?”

“ಹೇಳಿದ್ದೆ ರೀ. ಮೊದಲನೇದು ಅಚ್ಚಾಗಿ ಬಂದ ದಿನ ಊಟಕ್ಕೆ ಕೂತಾಗ ಪೇಪರ್ ನಿಮ್ಮ ತಟ್ಟೆ ಪಕ್ಕ ಇಟ್ಟು, ಇದು ನಾನೇ ಮಾಡಿದ್ದು ಅಂದೆ. ನೀವು, ಹೂಂ ಚೆನ್ನಾಗಿದೆ, ಉಪ್ಪು ಒಂಚೂರು ಕಮ್ಮಿ ಅಂದ್ರಿ.”

ಡಾಕ್ಟರಿಗೆ ನಗು ಬರುವಂತಾಯಿತು, ಆದರೆ ಬರಲಿಲ್ಲ. ಆ ಊಟ, ಆ ದಿನ ಯಾವುದೂ ನೆನಪಿರಲಿಲ್ಲ.

“ಆಮೇಲಾದ್ರೂ ಹೇಳ್ಬಹುದಿತ್ತಲ್ಲ?”

“ಆಮೇಲೆ ನೀವು ಕೊಕ್ಕೆ ಅಂದ್ರೆ ಪ್ರಾಣ ಬಿಡೋಕೆ ಶುರು ಮಾಡಿದ್ರಿ. ಎಂಥಾ ಬುದ್ಧಿ, ಎಂಥಾ ತುಂಟತನ ಅಂತ. ಸಾರು ಬಡಿಸ್ತಾ ಕೇಳಿಸ್ಕೊಳ್ತಿದ್ದೆ. ಖುಷಿಯಾಗ್ತಿತ್ತು. ಹೇಳಿಬಿಟ್ರೆ ಅದೂ ನಿಂತುಹೋಗುತ್ತೇನೋ ಅಂತ ಹೆದರಿಕೆ.” ಆಕೆ ಹೂಗುಚ್ಛಕ್ಕೆ ನೀರಿನ ಪಾತ್ರೆ ಹುಡುಕುತ್ತಿದ್ದರು. “ಆ ಪ್ರೊಫೆಸರಿಗೆ ನೀವು ಕೊಡ್ತಿದ್ದ ಮರ್ಯಾದೆ ನಂಗೆ ಸಿಗ್ತಿತ್ತಾ?”

ಡಾಕ್ಟರು ಚೆಂಬೊಂದಕ್ಕೆ ನೀರು ತುಂಬಿಸಿ ಆಕೆಯ ಮುಂದಿಟ್ಟರು.

“ಈಗ ಯಾಕೆ ಹೇಳಿದ್ದು ಮತ್ತೆ?” ಎಂದರು ಕೊನೆಗೆ.

“ವೇದಿಕೆಗೆ ಬರ್ತೀರಾ ಅಂತ ಸಂಪಾದಕರು ಕೇಳಿದ್ರು. ನನ್ನನ್ನೂ ಒಬ್ಬರು ಏನಾದ್ರೂ ಕೇಳಿದ್ರಲ್ಲ ಅಂತ ಹೂಂ ಅಂದುಬಿಟ್ಟೆ.”

ಆ ವಾರವೆಲ್ಲ ಡಾಕ್ಟರು ಕ್ಲಿನಿಕ್ಕಿನಲ್ಲಿ ಬಾಯಿ ಬಿಡಲಿಲ್ಲ. ಸುಮ್ಮನೆ ಕೊರೆದರು, ತುಂಬಿಸಿದರು, ಬಾಯಿ ಮುಕ್ಕಳಿಸಿ ಎಂದರು. ಹಳೆಯ ರೋಗಿಯೊಬ್ಬರು ಗಾಬರಿಯಾಗಿ ಹೊರಗೆ ಬಂದು, “ಮೇಡಂ, ಡಾಕ್ಟ್ರಿಗೆ ಹುಷಾರಿಲ್ವಾ? ನನ್ನ ಹಲ್ಲೇ ಕೆಟ್ಟು ಕೆರ ಹಿಡಿದಿದೆಯಾ ಹೆಂಗೆ?” ಎಂದು ಪಿಸುಗುಟ್ಟಿದರಂತೆ. ಒಳಗೆ ಕೈ ತೊಳೆಯುತ್ತಾ ಡಾಕ್ಟರು ಅರೆತೆರೆದ ಬಾಗಿಲಿನಿಂದ ಮುಂದಿನ ಮೇಜನ್ನು ನೋಡುತ್ತಿದ್ದರು. ಹೆಂಡತಿ ಬರೆಯುವುದು, ಹೊಡೆದುಹಾಕುವುದು, ಪೆನ್ನಿನ ತುದಿ ಕಚ್ಚಿಕೊಂಡು ಗೋಡೆ ನೋಡುವುದು, ತಾನೇ ತನ್ನಷ್ಟಕ್ಕೆ ನಗುವುದು. ದಿನವೂ ಕಣ್ಣೆದುರೇ ನಡೆದದ್ದು. ನೋಡಿದಷ್ಟೂ ಅವರಿಗೆ ಅನಿಸುತ್ತಿತ್ತು, ಇನ್ನೂ ಏನೇನು ನೋಡದೆ ಬಿಟ್ಟಿದ್ದೇನೋ ಎಂದು.

ಭಾನುವಾರ ಯಾರೂ ಬರುವುದಿಲ್ಲವೆಂದೇ ಅವರು ಲೆಕ್ಕ ಹಾಕಿದ್ದರು. ಬಂದರು. ಎಂದಿಗಿಂತ ಹೆಚ್ಚೇ ಬಂದರು. ಬಾಗಿಲು ತೆರೆದ ಡಾಕ್ಟರು ಕಪ್ಪನ್ನು ಕಂಡಕ್ಟರ ಕೈಗಿಡಲು ಹೋದರು. ಕಂಡಕ್ಟರು ತಲೆ ಕೆರೆದುಕೊಂಡರು.

“ಅದು ಅಲ್ಲೇ ಇರ್ಲಿ ಬಿಡಿ ಡಾಕ್ಟ್ರೇ. ಅವತ್ತು ಬಾಯಿಗೆ ಬಂದಂಗೆ ಮಾತಾಡ್ಬಿಟ್ಟೆ. ಅದಿರ್ಲಿ, ಅಕ್ಕ ಇದ್ದಾರಾ?”

ಅವರು ಬಂದದ್ದು ಅಕ್ಕನನ್ನು ನೋಡಲು. ಹೆಂಡತಿ ಹೊರಬಂದು ಗುಂಪಿನ ನಡುವೆ ಕೂತರು. ಡಾಕ್ಟರು ಏನು ಮಾಡಲೂ ತೋಚದೆ ಅಡುಗೆಮನೆಗೆ ಹೋದರು. ಚಹಾ ಪುಡಿ ಯಾವ ಡಬ್ಬಿಯಲ್ಲಿದೆ ಎಂದು ತಿಳಿಯದೆ ಮೂರ್ನಾಲ್ಕು ಡಬ್ಬಿ ತೆರೆದರು. ಹೊರಗಿನಿಂದ ನಗು ಕೇಳಿತು. ಎಲ್ಲರ ನಗುವಿನ ಮಧ್ಯೆ ಒಂದು ನಗು, ಗಂಟಲು ಬಿಚ್ಚಿ, ಉಸಿರು ಸಿಕ್ಕಿಕೊಳ್ಳುವಂಥದ್ದು. ಲೈಬ್ರರಿಯಮ್ಮ ಹೀಗೆ ನಗುತ್ತಾರಾ ಎಂದುಕೊಂಡು ಬಾಗಿಲಿಗೆ ಬಂದು ಇಣುಕಿದರು. ನಗುತ್ತಿದ್ದದ್ದು ಅವರ ಹೆಂಡತಿ.

ಚಹಾ ತಟ್ಟೆ ಹಿಡಿದು ಬಂದಾಗ ಕೂರಲು ಜಾಗವಿರಲಿಲ್ಲ. ಬಟ್ಟೆ ಅಂಗಡಿಯ ತಮ್ಮ ಸರಿದು ಬೆಂಚಿನ ತುದಿ ಬಿಟ್ಟುಕೊಟ್ಟರು. ಡಾಕ್ಟರು ಕೂತರು. ಹೆಂಡತಿ ಒಂದು ಗುಟುಕು ಕುಡಿದು ಮುಖ ಕಿವಿಚಿದರು, ಏನೂ ಹೇಳಲಿಲ್ಲ.

“ಒಂದು ಕೇಳ್ಲಾ?” ಎಂದರು ಡಾಕ್ಟರು. ಎಲ್ಲರೂ ಅವರ ಕಡೆ ತಿರುಗಿದರು. “ಮೊದಲು ಕಪ್ಪು ಚೌಕ ಹಾಕ್ಕೊಳ್ತೀಯೋ, ಪದ ಹುಡುಕ್ಕೊಳ್ತೀಯೋ?”

ಹೆಂಡತಿ ಲೋಟ ಕೆಳಗಿಟ್ಟು ಅವರನ್ನು ಸ್ವಲ್ಪ ಹೊತ್ತು ನೋಡಿದರು, ಕೇಳಿದ್ದು ನಿಜವೋ ಮರ್ಯಾದೆಗೋ ಎಂದು ಅಳೆಯುವವರ ಹಾಗೆ. ಆಮೇಲೆ ಹೇಳಲು ಶುರು ಮಾಡಿದರು. ಉತ್ತರ ಉದ್ದವಿತ್ತು. ಮಧ್ಯೆ ಎರಡು ಸಲ ಡಾಕ್ಟರ ನಾಲಗೆ ತುದಿಗೆ ಮಾತು ಬಂತು. ಎರಡು ಸಲವೂ ಅವರು ಚಹಾ ಕುಡಿದರು.