ಮೂರು ಹಾಳೆಯಷ್ಟು

ಹೊಟ್ಟೆಯ ಮೇಲಿನ ಜೆಲ್ಲಿ ಪೂರ್ತಿ ಒರೆಸಿಲ್ಲ, ಕುರ್ತಾ ಅಂಟುತ್ತಿದೆ, ಒಂದು ಹೆಜ್ಜೆಗೆ ಅಂಟುತ್ತದೆ, ಇನ್ನೊಂದು ಹೆಜ್ಜೆಗೆ ಬಿಡುತ್ತದೆ, ತಣ್ಣಗೆ, ಯಾರೋ ಒದ್ದೆ ಕೈ ಇಟ್ಟು ತೆಗೆದ ಹಾಗೆ — ನಡಿ ಭುವನೇಶ್ವರಿ, ನಡಿ, ಅರ್ಧ ಗಂಟೆ ತಿರುಗಾಡಿ ಬರಬೇಕಂತೆ, ಬೇಬಿ ಉಲ್ಟಾ ಸೋಯಾ ಹೈ, ಡಾಕ್ಟರ್ ಮೇಡಂ ಹೇಳಿದ್ದು, ಥೋಡಾ ಘೂಮ್ ಕೆ ಆವ್, ಕುಛ್ ಮೀಠಾ ಖಾವ್, ಪಲ್ಟೀ ಮಾರೇಗಾ ತೋ ಫಿರ್ ನಾಪೇಂಗೆ. ನಾಪೇಂಗೆ, ಸಿಹಿ ತಿಂದು ಕೂಸು ಮಗ್ಗುಲು ತಿರುಗಿದರೆ ಮತ್ತೆ ಅಳೆಯುತ್ತಾರೆ. ಹನ್ನೆರಡು ವಾರ ಮೂರು ದಿನದ ಕೂಸಿಗೆ ಇಷ್ಟು ಹಟ, ಅಪ್ಪನದೇ ಗುಣ, ಬೇಡದ ಮಾತು ಬಂದರೆ ಬೆನ್ನು ತಿರುಗಿಸಿ ಮಲಗುವುದು, ಕತ್ತು ತೋರಿಸುವುದೇ ಇಲ್ಲ, ಅವರಿಗೆ ಬೇಕಾಗಿರುವುದು ಕತ್ತೇ, ಕತ್ತಿನ ಹಿಂದಿನ ಆ ಕಪ್ಪು. ಪರದೆಯ ಮೇಲೆ ಬೂದು ಬಣ್ಣದ ನಡುವೆ ಒಂದು ಕಪ್ಪು ಗೆರೆ, ಅದರ ಈ ದಂಡೆಗೊಂದು ಪ್ಲಸ್ ಗುರುತು, ಆ ದಂಡೆಗೊಂದು ಪ್ಲಸ್ ಗುರುತು, ಜೋಗೇಶ್ವರಿಯ ಕ್ಲಿನಿಕ್ಕಿನಲ್ಲಿ ಸೋಮವಾರ ನೋಡಿದ್ದು, ಅವತ್ತಿನಿಂದ ಎಲ್ಲಿ ನೋಡಿದರೂ ಅವೇ ಎರಡು ಪ್ಲಸ್, ಅನ್ನದ ತಟ್ಟೆಯಲ್ಲಿ, ಲೋಕಲ್ಲಿನ ಕಿಟಕಿಯಲ್ಲಿ, ಈಗ ಈ ಆಸ್ಪತ್ರೆಯ ಕಾಂಪೌಂಡಿನ ಗೋಡೆಯ ಮೇಲೂ, ಅಲ್ಲಿರುವುದು ರಕ್ತದಾನದ ಬೋರ್ಡು, ಪಕ್ಕದಲ್ಲಿ ಕೆಂಪು ಪ್ಲಸ್ಸು. ಅವ್ವ ಒಂದು ಹೆಜ್ಜೆ ಹಿಂದೆ ಬರುತ್ತಿದ್ದಾಳೆ, ಚೀಲ ಎದೆಗವಚಿಕೊಂಡು. ಏನಂದ್ಳ ಭುವಿ ಡಾಕ್ಟರ್? ಕೂಸು ಮಲ್ಕೊಂಡದಂತ, ಎದ್ದ ಮ್ಯಾಲ ನೋಡ್ತಾರಂತ. ಸುಳ್ಳೇನಲ್ಲ. ಸುಳ್ಳು ಹೇಳದೆಯೂ ಸುಳ್ಳು ಹೇಳುವುದನ್ನು ಈ ನಾಲ್ಕು ದಿನದಲ್ಲಿ ಚೆನ್ನಾಗಿ ಕಲಿತಿದ್ದೇನೆ.

ಮೂರು ಪಾಯಿಂಟ್ ಎಂಟು. ಆ ಕ್ಲಿನಿಕ್ಕಿನ ಡಾಕ್ಟರ್ ಹೇಳಿದ, ಎಲ್ಲ ಕೂಸುಗಳ ಕತ್ತಿನ ಹಿಂದೆಯೂ ಚರ್ಮದ ಕೆಳಗೆ ಈ ತಿಂಗಳಲ್ಲಿ ಚೂರು ನೀರಿರುತ್ತದಂತೆ, ಮೂರೂವರೆ ಮಿಲಿಮೀಟರ್ ದಾಟಿದರೆ ಚಿಂತೆಯಂತೆ, ನಿಮ್ಮದು ಮೂರು ಪಾಯಿಂಟ್ ಎಂಟು, ಏನೂ ಇಲ್ಲದೆಯೂ ಇರಬಹುದು, ಹೃದಯದ ತೊಂದರೆ ಇರಬಹುದು, ಕ್ರೋಮೋಸೋಮಿನದ್ದು ಇರಬಹುದು, ಪರೇಲಿನ ದೊಡ್ಡ ಆಸ್ಪತ್ರೆಗೆ ಬರೆದುಕೊಡುತ್ತೇನೆ, ಮತ್ತೊಮ್ಮೆ ಅಳೆಸಿ, ಅಲ್ಲೂ ಅಷ್ಟೇ ಬಂದರೆ ಸೂಜಿ ಹಾಕಿ ಪರೀಕ್ಷೆ ಮಾಡುತ್ತಾರೆ, ಆಮೇಲೆ ನೀವು ಯೋಚನೆ ಮಾಡಬಹುದು. ಯೋಚನೆ ಮಾಡಬಹುದು ಅಂದರೆ ಏನೆಂದು ಅವನೂ ಬಿಡಿಸಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಬೇರೆ ಯಾರಿಗಾದರೂ ಹೇಳಿದ್ದರೆ ಮಿಲಿಮೀಟರ್ ಅಂದರೆ ಸಾಸಿವೆ ಕಾಳಿನಷ್ಟು ಅಂದುಕೊಂಡು ಸುಮ್ಮನಾಗುತ್ತಿದ್ದರು. ನನಗೆ ಹೇಳಿದ, ಆರು ವರ್ಷದಿಂದ ಜೋಗೇಶ್ವರಿಯ ಗಾಳಾದಲ್ಲಿ, ಒಂದೇ ಕೋಣೆಯ ಕಾರ್ಖಾನೆಯಲ್ಲಿ, ಕುಕ್ಕರಿನ ರಬ್ಬರ್ ರಿಂಗು ಅಳೆಯುವವಳಿಗೆ, ದಿನಕ್ಕೆ ಎಂಟುನೂರು ರಿಂಗು, ವರ್ನಿಯರಿನ ದವಡೆಯಲ್ಲಿ ಹಿಡಿ, ಓದು, ಬಿಡು, ಸರಿಯಿದ್ದರೆ ಡಬ್ಬಕ್ಕೆ, ಪಾಯಿಂಟ್ ಮೂರು ಹೆಚ್ಚಾಗಿದ್ದರೆ ಕೆಂಪು ಕ್ರೇಟಿಗೆ. ಪಾಯಿಂಟ್ ಮೂರು ಅಂದರೆ ಎಷ್ಟೆಂದು ನನ್ನ ಬೆರಳಿಗೆ ಗೊತ್ತು. ನೋಟ್‌ಬುಕ್ಕಿನ ಮೂರು ಹಾಳೆ ಒತ್ತಿ ಹಿಡಿದರೆ ಪಾಯಿಂಟ್ ಮೂರು. ಮೂರು ಹಾಳೆಯಷ್ಟು ದಪ್ಪಕ್ಕೆ ಒಂದು ರಿಂಗು ಕೆಂಪು ಕ್ರೇಟಿಗೆ ಹೋಗುತ್ತದೆ, ನಾನೇ ಎಸೆಯುತ್ತೇನೆ, ನೋಡದೆಯೇ ಎಸೆಯುತ್ತೇನೆ, ಕೈಗೆ ಅಭ್ಯಾಸವಾಗಿಬಿಟ್ಟಿದೆ. ಸೋಮವಾರದಿಂದ ರಜೆ ಹಾಕಿದ್ದೇನೆ, ಸೂಪರ್‌ವೈಸರಿಗೆ ಜ್ವರ ಅಂತ ಹೇಳಿದ್ದೇನೆ, ಕ್ರೇಟಿನ ಮುಂದೆ ಹೋಗಿ ಕೂರುವುದು ನನ್ನಿಂದ ಆಗುವುದಿಲ್ಲ.

ಬಿಸಿಲು. ಟ್ಯಾಕ್ಸಿಯವನು ಹಾರ್ನ್ ಹೊಡೆಯುತ್ತಾನೆ, ಹೊಡೆಯಪ್ಪ, ಇವತ್ತು ನನಗೆ ಯಾರ ಮೇಲೂ ಸಿಟ್ಟಿಲ್ಲ, ಎಲ್ಲ ಸಿಟ್ಟೂ ಒಬ್ಬನಿಗೇ ಖರ್ಚಾಗಿದೆ. ಗಂಡ, ಈಶ್ವರ. ಬಾಂದ್ರಾದಲ್ಲಿ ಹೊಸ ಬಿಲ್ಡಿಂಗಿಗೆ ಟೈಲ್ಸ್ ಕೂರಿಸುತ್ತಿದ್ದಾನೆ, ರಜೆ ಕೊಡಲಿಲ್ಲವಂತೆ, ಎರಡು ಸಲ ಫೋನ್ ಮಾಡಿದ, ಎತ್ತಲಿಲ್ಲ. ಸೋಮವಾರ ಸಂಜೆ ನೀರು ಬರುವ ಹೊತ್ತು, ಚಾಳಿನ ನಲ್ಲಿಯ ಹತ್ತಿರ ಅವನು ಬಕೆಟ್ ತುಂಬಿಸುತ್ತಿದ್ದ, ಪಕ್ಕದಲ್ಲಿ ನಿಂತು ಮೆಲ್ಲಗೆ ಎಲ್ಲ ಹೇಳಿದೆ, ತಿರುಗಿ ನೋಡಲಿಲ್ಲ, ಇರ್ಲಿ ಬಿಡು, ಇದಲ್ಲಂದ್ರ ಇನ್ನೊಂದ್ ಆಗ್ತದ, ಅಂದ. ಇನ್ನೊಂದು. ಅಳತೆ ತಪ್ಪಿದ ಟೈಲ್ಸು ಕಿತ್ತು ಇನ್ನೊಂದು ಹಾಕುವ ಹಾಗೆ. ಮದುವೆಯಾಗಿ ಆರು ವರ್ಷಕ್ಕೆ ನಿಂತದ್ದು ಇದೊಂದೇ, ಇನ್ನೊಂದು ಎಲ್ಲಿಟ್ಟಿದ್ದೀರಿ ತೋರಿಸ್ರೀ ಅನ್ನಬೇಕೆನಿಸಿತು, ಅನ್ನಲಿಲ್ಲ, ಯಾಕೆಂದರೆ ಬಕೆಟ್ ತುಂಬಿ ಹರಿಯುತ್ತಿತ್ತು, ಒಂದು ತಂಬಿಗೆ ನೀರಿಗೂ ಜಗಳವಾಡುವ ಚಾಳಿನಲ್ಲಿ ನೀರು ಅವನ ಪಾದದ ಮೇಲೆ ಹರಿದು ಮೋರಿಗೆ ಹೋಗುತ್ತಿತ್ತು, ಅವನು ನಲ್ಲಿ ನಿಲ್ಲಿಸಲಿಲ್ಲ, ಹಿಂದೆ ನಿಂತವರು ಅರೇ ಬಂದ್ ಕರ್ ನಾ ಎಂದು ಕೂಗಿದರೂ ನಿಲ್ಲಿಸಲಿಲ್ಲ. ಅವನಿಗೂ ಸಂಕಟವಾಗಿದೆ ಎಂದು ನನಗೆ ಗೊತ್ತು. ಗೊತ್ತಿದ್ದರೂ ಫೋನ್ ಎತ್ತಲು ಮನಸ್ಸಿಲ್ಲ.

ಉಡುಪಿ ಹೋಟೆಲ್, ಒಳಗೆ ಫ್ಯಾನ್ ಇದೆ, ಬಾ ಅವ್ವ ಕೂಡು. ಗಲ್ಲಾದಲ್ಲಿ ಕೂತವರು ನಮ್ಮ ಮಾತು ಕೇಳಿಸಿಕೊಂಡು ಕತ್ತೆತ್ತಿದರು, ನಮ್ಮ ಕಡೆಯವರಾ ಅಮ್ಮ, ಊರು ಎಲ್ಲಿ ಆಯ್ತು? ವಾಡಿ ಹತ್ರರೀ. ಓ, ಆ ಕಡೆಯಾ, ಕೂತ್ಕೊಳ್ಳಿ ಕೂತ್ಕೊಳ್ಳಿ, ಎಂಥ ಕೊಡ್ಲಿ? ಮೋಸಂಬಿ ಜ್ಯೂಸ್, ಸಕ್ಕರೆ ಹೆಚ್ಚು, ಕೂಸು ತಿರುಗಬೇಕು, ಇದನ್ನು ಬಾಯಿಬಿಟ್ಟು ಹೇಳಲಿಲ್ಲ. ಅವ್ವ ಚೀಲದಿಂದ ಶೇಂಗಾದ ಹೋಳಿಗೆ ತೆಗೆದಳು, ಹೊರಗಿನದು ತಿನ್ನಬಾರದೆಂದು ಬೋರ್ಡಿದೆ, ಅವ್ವನಿಗೆ ಆ ಬೋರ್ಡು ಓದಲು ಬಾರದು, ಗಲ್ಲಾದವರು ನೋಡಿಯೂ ನೋಡದ ಹಾಗೆ ಆ ಕಡೆ ತಿರುಗಿದರು. ತಿನ್ನುತ್ತೇನೆ, ಬೆಲ್ಲ ಹಲ್ಲಿಗೆ ಅಂಟುತ್ತದೆ, ತಿರುಗು, ತಿರುಗು ಮಾರಾಯ, ಇಷ್ಟು ಸಿಹಿ ತಿಂದರೆ ಸತ್ತವರೂ ಎದ್ದು ಕೂರಬೇಕು — ಥೂ, ಎಂಥ ಮಾತು, ನಾಲಿಗೆಗೆ ಬರೆ ಹಾಕಬೇಕು. ಹೋಳಿಗೆಯ ಡಬ್ಬಿಯ ಪಕ್ಕದಲ್ಲಿ ಆ ಪೊಟ್ಟಣ, ಪೇಪರಿನಲ್ಲಿ ಸುತ್ತಿ ಮೇಲೆ ದಾರ ಕಟ್ಟಿದ್ದು, ಹಸಿರು ಗಾಜಿನ ಬಳೆ ಎರಡು ಡಜನ್. ನಿನ್ನೆ ಬೆಳಿಗ್ಗೆ ಅವ್ವ ರೈಲಿಳಿದದ್ದೇ ಇದಕ್ಕೆ, ಮೂರನೇ ತಿಂಗಳಿಗೆ ಕಳ್ಳ ಕುಬಸ, ಯಾರಿಗೂ ಹೇಳದೆ, ಯಾರನ್ನೂ ಕರೆಯದೆ, ಬಸುರಿಗೆ ಹಸಿರು ಬಳೆ ತೊಡಿಸಿ ಹಸಿರು ಕುಪ್ಪಸ ಕೊಟ್ಟು ಬಾಯಿಗೆ ಸಿಹಿ ಇಡುವುದು. ಇವತ್ತು ಸಂಜೆ ಅಂತ ಗೊತ್ತುಮಾಡಿದ್ದಾಳೆ. ತೊಡಿಸುವವಳು ಪಕ್ಕದ ಖೋಲಿಯ ಸುಂದ್ರವ್ವ, ಯಾಕೆಂದರೆ ಅವ್ವ ತೊಡಿಸುವಂತಿಲ್ಲ, ಅಪ್ಪ ಹೋದಾಗಿನಿಂದ, ನಾಲ್ಕು ವರ್ಷದಿಂದ, ಅವ್ವನ ಕೈ ಬೋಳು. ಬರಬೇಡ ಎಂದು ಫೋನಿನಲ್ಲಿ ಹೇಗೆ ಹೇಳಲಿ, ಯಾಕ ಅನ್ನುತ್ತಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರಂತೆ ಎಂದು ಮಂದಿ ನಗುತ್ತಾರೆ, ನಾನೂ ಎಷ್ಟು ಸಲ ನಕ್ಕಿದ್ದೇನೆ, ಈಗ ಆ ಗಾದೆ ನನ್ನ ಮುಂದೆಯೇ ಪೊಟ್ಟಣ ಕಟ್ಟಿಕೊಂಡು ಕೂತಿದೆ.

ತೊಟ್ಟುಕೊಂಡರೆ ಆಮೇಲೆ? ಸೂಜಿ ಪರೀಕ್ಷೆಯಲ್ಲಿ ಏನೋ ಬಂದರೆ, ಯೋಚನೆ ಮಾಡಿ ಅಂದರೆ, ಆ ಬಳೆಗಳನ್ನು ಏನು ಮಾಡುವುದು, ಒಡೆಯುವುದೇ, ಒಂದೊಂದಾಗಿ ಬಿಚ್ಚಿ ಮತ್ತೆ ಪೇಪರಿಗೆ ಸುತ್ತಿ ವಾಡಿಗೆ ಕಳಿಸುವುದೇ, ಬಳೆಗಾರ ವಾಪಸ್ ತಗೊಳ್ಳುತ್ತಾನೆಯೇ. ನನಗೆ ಒಂದೇ ಆಸೆ, ನಾಚಿಕೆಗೆಟ್ಟ ಆಸೆ, ಈ ಮೇಡಂ ಒಳ್ಳೆಯ ಹೆಂಗಸು, ಸ್ವಲ್ಪ ಒತ್ತಿ ಹಿಡಿಯಲಿ. ರಬ್ಬರು ಮೆತ್ತಗಿರುತ್ತದೆ, ವರ್ನಿಯರಿನ ದವಡೆ ಸ್ವಲ್ಪ ಬಿಗಿ ಮಾಡಿದರೆ ಅದೇ ರಿಂಗು ಪಾಯಿಂಟ್ ಮೂರು ಕಡಿಮೆ ತೋರಿಸುತ್ತದೆ, ಹೋದ ದೀಪಾವಳಿಗೆ ಮುಂಚೆ ಸೂಪರ್‌ವೈಸರ್ ಬೆನ್ನ ಹಿಂದೆ ನಿಂತು ಜರಾ ದಬಾ ಕೆ ದೇಖ್ ನಾ ಭುವಿ ಅಂದಿದ್ದ, ಒತ್ತಿದೆ, ಇಡೀ ಲಾಟ್ ಪಾಸಾಯಿತು, ಎಲ್ಲರಿಗೂ ಮಿಠಾಯಿ. ತಿಂಗಳಾದ ಮೇಲೆ ಲಾಟ್ ಪೂರ್ತಿ ವಾಪಸ್ ಬಂತು, ಯಾರ ಮನೆಯಲ್ಲೂ ಕುಕ್ಕರಿನ ಮುಚ್ಚಳ ಕೂರಲಿಲ್ಲ. ಒತ್ತಿದ್ದರಿಂದ ರಿಂಗು ತೆಳ್ಳಗಾಗಿರಲಿಲ್ಲ, ಬರೆದ ನಂಬರಷ್ಟೇ ತೆಳ್ಳಗಾಗಿತ್ತು. ಗೊತ್ತು. ಎಲ್ಲ ಗೊತ್ತು. ಆದರೂ ಒಂದು ಸಲ ಒತ್ತಲಿ, ಮೂರೂವರೆ ಎಂದು ಬರೆದುಕೊಡಲಿ, ಆ ಚೀಟಿ ಹಿಡಿದುಕೊಂಡು ಆರು ತಿಂಗಳು ನಿದ್ದೆ ಮಾಡುತ್ತೇನೆ.

ಭುವಿ. ಹ್ಞೂಂ. ಕೂಸಿಗೇನಾಗ್ಯದ? ಏನೂ ಇಲ್ಲವ್ವ, ಎಲ್ಲಾ ಚೊಲೊ ಅದ. ನಿನ್ನಿಯಿಂದ ಮೂರ್ ಸಲ ಹೇಳ್ದಿ ಇದನ್ನ, ನಾ ಕೇಳೂದು ಇದೇ ಮೊದ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತಿತ್ತು, ಬೆಕ್ಕಿಗೆ ಹುಟ್ಟಿದವಳಲ್ಲ ನಾನು, ಈ ಹೆಂಗಸಿಗೆ ಹುಟ್ಟಿದವಳು, ಮರೆತೇಬಿಟ್ಟಿದ್ದೆ. ಹೇಳಿದೆ. ಕತ್ತು, ನೀರು, ಮೂರು ಹಾಳೆ, ಸೂಜಿ. ಹೃದಯ ಅನ್ನುವ ಮುಂಚೆ ಒಂದು ಗುಟುಕು ಜ್ಯೂಸು ಕುಡಿದೆ, ಮತ್ತೆ ಹೇಳಿದೆ. ಅವ್ವ ಅಳಲಿಲ್ಲ, ದೇವರ ಹೆಸರು ತೆಗೆಯಲಿಲ್ಲ, ಬಳೆ ಪೊಟ್ಟಣದ ದಾರ ಬಿಚ್ಚತೊಡಗಿದಳು. ಬ್ಯಾಡವ್ವ, ಸಂಜಿಗೆ ಸುಂದ್ರವ್ವ ಬರ್ತಾಳ. ಕೈ ಕೊಡು. ನೀ ತೊಡಸ್ಬಾರ್ದು. ಗೊತ್ತದ, ಕೈ ಕೊಡು. ಬ್ಯಾಡಂದ್ರ, ಇದು ಉಳೀತದಂತ ಯಾರ್ ಹೇಳ್ಯಾರ, ಇದು ನಿಲ್ಲಲಿಲ್ಲಂದ್ರ ಬಳಿ ಏನ್ ಮಾಡ್ಲಿ? ಅವ್ವ ಟೇಬಲ್ಲಿನ ಕೆಳಗೆ ನನ್ನ ಎಡಗೈ ಎಳೆದುಕೊಂಡಳು, ಬೆರಳು ಕೂಡಿಸಿ ಹಿಂಡಿದಳು, ಮೊದಲನೆಯ ಬಳೆ ಗೆಣ್ಣು ದಾಟಿತು. ಕಳ್ಳ ಕುಬಸ ಯಾಕ್ ಮಾಡ್ತಾರಂತ ತಿಳ್ದೀದಿ? ನಿಲ್ತದೋ ಇಲ್ಲೋ ಗೊತ್ತಿಲ್ಲದ ಕೂಸಿಗೇ ಇದು. ನಿಂತ ಮ್ಯಾಲ ಊರ್ ಮಂದಿನೆಲ್ಲಾ ಕರ್ದು ದೊಡ್ಡ ಕುಬಸ ಮಾಡ್ತಾರ, ಅದು ಮಂದಿಗಿ. ಇದು ಬರೇ ಕೂಸಿಗಿ. ಬಂದಷ್ಟು ದಿನಕ್ಕ ಬಂದದಲ್ಲ, ಬಾ ಅನ್ಬೇಕೋ ಬ್ಯಾಡೋ? ಒಂದೊಂದೇ ಬಳೆ, ಬೋಳು ಕೈಗಳು, ಉಗುರಿಗೆ ಸುಣ್ಣ ಮೆತ್ತಿದ ಬೋಳು ಕೈಗಳು, ಯಾರ್ ನೋಡ್ತಾರ, ಕಳ್ಳತನದಾಗ ಮಾಡೂದಲ್ಲೇನು, ಎಂದು ಒಂದು ಸಲ ನಕ್ಕಳು ಕೂಡ. ಬಳೆ ಒಂದು ಸೈಜು ದೊಡ್ಡವು. ಯಾಕವ್ವ? ಮುಂದ ತಿಂಗಳು ತುಂಬಿದ್ಹಂಗ ಕೈಗಿ ಬಾವು ಬರ್ತದಲ್ಲ. ಅಲ್ಲಿ ಅತ್ತುಬಿಟ್ಟೆ. ಸೋಮವಾರದಿಂದ ಬಾರದ ಅಳು ಉಡುಪಿ ಹೋಟೆಲಿನ ಟೇಬಲ್ಲಿನ ಮೇಲೆ ಬಂತು, ಗಲ್ಲಾದವರು ಇನ್ನೊಂದು ಲೋಟ ನೀರು ಕಳಿಸಿದರು.

ಆಸ್ಪತ್ರೆಯ ಮೆಟ್ಟಿಲಲ್ಲಿ ನಿಂತು ಈಶ್ವರನಿಗೆ ಫೋನ್ ಮಾಡಿದೆ, ಹಲೋ ಅನ್ನುವ ಮುಂಚೆಯೇ ಅವನು, ಏನಂದ್ರು? ಇನ್ನಾ ಅಳ್ದಿಲ್ಲ. ಹಿಂದೆ ಟೈಲ್ಸ್ ಕೊಯ್ಯುವ ಮಶೀನಿನ ಸದ್ದು, ಅದು ನಿಂತಿತು. ಭುವಿ, ಆವತ್ತು ನಾ ಅಂದಿದ್ದು — ಗೊತ್ತದರೀ, ನೀರು ಹರೀಲಾಕತ್ತಿತ್ತು, ಸಂಜಿಗೆ ಲಗೂ ಬರ್ರಿ. ಇಟ್ಟೆ. ಬಳೆ ಸದ್ದು ಮಾಡುತ್ತವೆ, ಸಡಿಲ, ಹೆಜ್ಜೆಗೊಮ್ಮೆ ಘಲ್, ಕೂಸಿಗಿ ಕೇಳ್ತದ ನೋಡು, ಏಳ್ತದ, ಎಂದು ಅವ್ವ ಹಿಂದಿನಿಂದ, ಅದಕ್ಕಿನ್ನೂ ಕಿವಿ ಕೇಳೂದಿಲ್ಲವ್ವ ಎನ್ನಲಿಲ್ಲ. ಮತ್ತೆ ಆ ಮಂಚ, ಮತ್ತೆ ತಣ್ಣನೆಯ ಜೆಲ್ಲಿ, ಈ ಸಲ ಅವ್ವ ಒಳಗೇ, ಗೋಡೆಗೆ ಒರಗಿ. ಅರೇ ವಾ, ಚೂಡಿಯಾಂ, ಎಂದರು ಮೇಡಂ, ಹಾಥ್ ಊಪರ್ ರಖೋ, ಹಿಲಾವ್ ಮತ್. ಕೈ ತಲೆಯ ಮೇಲಿಟ್ಟೆ, ಬಳೆಗಳು ಮೊಣಕೈಗೆ ಜಾರಿ ಸುಮ್ಮನಾದವು. ಬೂದು, ಬೂದು, ಕಪ್ಪು. ದೇಖಾ, ಪಲಟ್ ಗಯಾ. ತಿರುಗಿದೆ. ತಿರುಗಿಯೇಬಿಟ್ಟಿದೆ, ಹೋಳಿಗೆಗೋ ಬಳೆಗೋ ಗೊತ್ತಿಲ್ಲ, ಹಣೆ, ಮೂಗು, ಸೋಮವಾರ ಇದನ್ನೆಲ್ಲ ನಾನು ನೋಡಲೇ ಇಲ್ಲ, ನಂಬರನ್ನಷ್ಟೇ ನೋಡಿದೆ, ಒಂದು ಕೈ ಇದೆ, ಬಾಯಿಯ ಹತ್ತಿರ, ಹಸಿ ಶೇಂಗಾ ಕಾಳಿನಷ್ಟು. ಮೇಡಂ ಯಂತ್ರವನ್ನು ಹೊಟ್ಟೆಗೆ ಒತ್ತಿದರು, ಮೇಡಂ, ದಬಾನಾ ಮತ್, ಒತ್ತಬೇಡಿ, ಇದು ನನ್ನದೇ ದನಿ. ದರ್ದ್ ಹೋ ರಹಾ ಹೈ? ನಹೀಂ. ಜಿತನಾ ಹೈ ಉತನಾ ನಾಪೋ, ಇದ್ದಷ್ಟನ್ನೇ ಅಳೆಯಿರಿ. ಅವರು ಒಂದು ಕ್ಷಣ ನನ್ನ ಮುಖ ನೋಡಿದರು, ಕೈ ಹಗುರ ಮಾಡಿದರು. ಈ ದಂಡೆಗೆ ಒಂದು ಪ್ಲಸ್, ನಿಂತಿತು. ಇನ್ನೊಂದು ಪ್ಲಸ್ ಹೊರಟಿದೆ, ಕಪ್ಪಿನ ಮೇಲೆ, ನಿಧಾನ, ಅಲ್ಲಲ್ಲ, ಇನ್ನೂ ಆಚೆ, ಹ್ಞಾಂ, ದಂಡೆ ಅಲ್ಲಿದೆ, ನನಗೆ ಕಾಣುತ್ತಿದೆ, ಪಾಯಿಂಟ್ ಮೂರು ನನ್ನ ಕಣ್ಣಿಗೂ ಗೊತ್ತು, ಮೇಡಂ ನಂಬರ್ ಓದುವ ಮುಂಚೆಯೇ ನನಗೆ ಗೊತ್ತಾಗುತ್ತದೆ, ಕೂಸು ಕೈ ಎತ್ತಿತು, ಎರಡನೆಯ ಪ್ಲಸ್ ದಂಡೆ ಮುಟ್ಟಿತು, ಒಂದು ಪ್ಲಸ್, ಕಪ್ಪು, ಒಂದು ಪ್ಲಸ್, ಅದರಾಚೆ ಆ ಕೈ, ಎತ್ತಿದ ಕೈ, ಅವ್ವನದರಂಥ ಬೋಳು ಕೈ, ನಂಬರ್ ಎಷ್ಟೇ ಬರಲಿ, ಬಾ.