ಮೇಲಿನ ಗ್ಯಾಲರಿ

ಪಾವೆಲ್ ಕುರ್ಚಿಯಿಂದ ಅರ್ಧ ಎದ್ದು ಹಿಂದಕ್ಕೆ ತಿರುಗಿ ನೋಡಿದ. ಕೊನೆಯ ಸಾಲುಗಳಲ್ಲಿ ಕೂತಿದ್ದ ಹುಡುಗರು ಬಾಯಿಗೆ ಬೆರಳಿಟ್ಟು ಒಂದೇ ಸಮನೆ ಸಿಳ್ಳೆ ಹಾಕುತ್ತಿದ್ದರು. ವೇದಿಕೆಯ ಮೇಲೆ ಶೈಲಜಾ ಆಂಟಿಯ ಮಗಳು ನಿಧಿ ಸಿನಿಮಾ ಹಾಡೊಂದಕ್ಕೆ ಕುಣಿಯುತ್ತಿದ್ದಳು. ಸೊಂಟದ ಡಾಬು ಸಡಿಲವಾಗಿ ಜಾರುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡು, ಇನ್ನೊಂದು ಕೈಯಲ್ಲೇ ಹೇಗೋ ಹಾಡು ಮುಗಿಸುವ ಪ್ರಯತ್ನದಲ್ಲಿದ್ದಳು.

"ಆ ಮಗು ಏನು ತಪ್ಪು ಮಾಡಿತು?" ಎಂದು ಪಾವೆಲ್ ಇಂಗ್ಲಿಷಿನಲ್ಲಿ ಕೇಳಿದ. ಅವನ ಕಿವಿಗಳು ಕೆಂಪಾಗಿದ್ದವು. "ಪಟ್ಟಿ ಜಾರಿದ್ದಕ್ಕೆ ಇಷ್ಟು ಅವಮಾನ ಮಾಡುತ್ತಾರೆಯೇ?"

"ಅವಮಾನ ಅಲ್ಲಪ್ಪ, ಮೆಚ್ಚುಗೆ," ಎಂದು ಶಶಾಂಕ್ ನಕ್ಕ. ಹೇಳಿದ್ದಷ್ಟೇ ಅಲ್ಲ, ನಾಲಿಗೆ ಮಡಚಿ ತಾನೂ ಒಂದು ಸಿಳ್ಳೆ ಹೊಡೆದ. ಮೈಸೂರಿನ ಒಳ್ಳೆಯ ಸಿಳ್ಳೆ ಅದು. ಮುಂದಿನ ಸಾಲಿನ ಅಂಕಲ್ ಒಬ್ಬರು ಕಿವಿ ಮುಚ್ಚಿಕೊಂಡು ತಿರುಗಿ ನೋಡಿದರು.

ಪಾವೆಲ್ ಕೂತನಾದರೂ ಅವನಿಗೆ ಸಮಾಧಾನವಾದಂತಿರಲಿಲ್ಲ. "ನಮ್ಮ ಕಡೆ ಹೀಗೆ ಸಿಳ್ಳೆ ಬಿದ್ದರೆ ಕಥೆ ಮುಗಿದಂತೆ. ನನ್ನ ಅಜ್ಜಿಯ ಊರಿನಲ್ಲಿ ಹಾಡುಗಾರನೊಬ್ಬ ಹೀಗೆ ಸಿಳ್ಳೆ ತಿಂದು ಬಂದವನು ಆಮೇಲೆ ಬಾಯಿ ಬಿಡಲಿಲ್ಲ. ಮೊಳೆ, ಸುತ್ತಿಗೆ ಮಾರುವ ಅಂಗಡಿ ಇಟ್ಟ."

ಶಶಾಂಕನ ಪಕ್ಕದಲ್ಲಿ ಚಪ್ಪಾಳೆ ತಟ್ಟುತ್ತಿದ್ದ ಅವನ ಹೆಂಡತಿ ಊರ್ಮಿಳಾ ಕೈ ನಿಲ್ಲಿಸಿದಳು. "ಈಗಿನ ಮಾತಾ, ಮೊದಲಿನಿಂದಲೂ ಹಾಗೇನಾ?"

"ಅಜ್ಜಿಯ ಅಜ್ಜಿಯ ಕಾಲದಿಂದಲೂ. ಯಾಕೆ?"

ವೇದಿಕೆಯ ಮೇಲೆ ನಿಧಿ ನಮಸ್ಕಾರ ಮಾಡಿ, ಡಾಬು ಬಿಚ್ಚಿ ಕೈಯಲ್ಲೇ ಹಿಡಿದುಕೊಂಡು ನಗುತ್ತ ಓಡಿಹೋದಳು. ಸಿಳ್ಳೆಗಳು ಇನ್ನಷ್ಟು ಜೋರಾದವು.

ವಾಷಿಂಗ್ಟನ್ ಹತ್ತಿರದ ಸ್ಟರ್ಲಿಂಗ್‌ನ ಹೈಸ್ಕೂಲೊಂದರ ಸಭಾಂಗಣ ಅದು. ಕನ್ನಡ ಸಂಘದವರ ಯುಗಾದಿ. ಪಾವೆಲ್‌ನನ್ನು ಕರೆತಂದಿದ್ದವಳು ಊರ್ಮಿಳಾಳೇ. ರೆಸ್ಟನ್‌ನಲ್ಲಿ ಶಶಾಂಕನ ಆಫೀಸಿನಲ್ಲೇ ಕೆಲಸ ಮಾಡುವ ಅವನಿಗೆ ಇದು ಅವಳ ಧನ್ಯವಾದ. ನಾಲ್ಕು ವರ್ಷದಿಂದ ಅವಳು ಅಲೋಯ್ಸ್ ಹ್ರೂಬೆಶ್ ಎಂಬ, ಪಾವೆಲ್‌ನ ದೇಶದವರೇ ಮರೆತುಬಿಟ್ಟಿರುವ ಚೆಕ್ ಸಂಗೀತಗಾರನ ಬೆನ್ನುಹತ್ತಿದ್ದಳು. ಹ್ರೂಬೆಶ್ ಬರೆದದ್ದು ಮೂರೇ ಒಪೆರಾ, ಹಾಡಿನಲ್ಲೇ ನಡೆಯುವ ನಾಟಕಗಳು. ಮೈಸೂರು ಅರಮನೆಯ ಇಂಗ್ಲಿಷ್ ಬ್ಯಾಂಡಿನಲ್ಲಿ ಓಬೋ ಊದುತ್ತಿದ್ದ ಅವಳ ಅಜ್ಜ ವೇಣುಗೋಪಾಲರಿಗೆ ಹ್ರೂಬೆಶನ ಪೋಲ್ಕಾ ಕುಣಿತದ ಧಾಟಿಯೊಂದು ಬಾಯಿಪಾಠವಾಗಿತ್ತು. ಸ್ನಾನದ ಮನೆಯಲ್ಲಿ ಅದನ್ನೇ ಗುನುಗುತ್ತಿದ್ದರು. ಹೀಗೆ ಬಚ್ಚಲಿನ ಹಬೆಯ ಜೊತೆ ಕೇಳಿದ್ದ ಹೆಸರನ್ನು ಅವಳು ಮೇರಿಲ್ಯಾಂಡಿನ ವಿಶ್ವವಿದ್ಯಾಲಯದಲ್ಲಿ ಸಂಶೋಧನೆಯ ವಿಷಯ ಮಾಡಿಕೊಂಡಳು. ಹ್ರೂಬೆಶನ ತಂಗಿ ಮದುವೆಯಾಗಿ ಬಾಲ್ಟಿಮೋರಿಗೆ ಬಂದಿದ್ದರಿಂದ ಅವಳಿಗೆ ಅವನು ಬರೆದ ಕಾಗದಗಳು ಇಲ್ಲೇ ಉಳಿದಿದ್ದವು. ಅವನ ಕಾಲದ ಚೆಕ್ ಪತ್ರಿಕೆಗಳು ವಾಷಿಂಗ್ಟನ್ನಿನ ಲೈಬ್ರರಿಯಲ್ಲಿ ಮೈಕ್ರೋಫಿಲ್ಮಿನ ಸುರುಳಿಗಳಲ್ಲಿ ಸಿಗುತ್ತಿದ್ದವು.

ಎರಡು ಬೇಸಿಗೆ ಕೂತು ಚೆಕ್ ಕಲಿತಿದ್ದಳು. ಕೈಬರಹದಲ್ಲಿ ಯಾವುದಾದರೂ ಪದ ಬಿಡಿಸಲಾಗದಿದ್ದರೆ ಅದೊಂದನ್ನೇ ಚೀಟಿಯ ಮೇಲೆ ನಕಲು ಮಾಡಿ ಶಶಾಂಕನ ಕೈಲಿ ಕಳಿಸುವಳು; ಸಂಜೆ ಪಾವೆಲ್‌ನ ಉತ್ತರ ಬರುವುದು. ಇಡೀ ಪುಟವನ್ನು ಅವಳು ಅವನಿಗೆ ಒಮ್ಮೆಯೂ ತೋರಿಸಿರಲಿಲ್ಲ. ಎಲ್ಲ ಅವನಿಂದಲೇ ಓದಿಸಿದಳು ಎನ್ನಿಸಿಕೊಳ್ಳಲು ಅವಳಿಗೆ ಇಷ್ಟವಿರಲಿಲ್ಲ.

ಊಟದ ಸಾಲಿನಲ್ಲಿ ಶೈಲಜಾ ಆಂಟಿ ಸೌಟು ಹಿಡಿದು ನಿಂತಿದ್ದರು. "ಏನೇ ಊರ್ಮಿಳಾ, ಬೇವು ಒಂದೇ ತಿಂದ್ಯಾ, ಬೆಲ್ಲ ಸಿಗ್ಲಿಲ್ವಾ? ಮುಖ ನೋಡು."

"ಏನಿಲ್ಲ ಆಂಟಿ. ನಿಧಿ ಚೆನ್ನಾಗಿ ಮಾಡಿದ್ಲು."

"ಚೆನ್ನಾಗೇನು, ಡಾಬು ಬಿತ್ತು. ಆದ್ರೂ ಆ ಬ್ರಹ್ಮಚಾರಿಗಳು ಅವಳ ಮಾನ ಉಳಿಸಿದ್ರು ಬಿಡು. ಸಿಳ್ಳೆ ಹೊಡ್ದು ಹೊಡ್ದು ಒಬ್ಬನಿಗೆ ತುಟೀನೇ ಒಡೆದಿದೆಯಂತೆ." ಪಾವೆಲ್‌ನ ತಟ್ಟೆಗೆ ಬಿಸಿಬೇಳೆಬಾತನ್ನು ಗುಡ್ಡೆ ಹಾಕಿದರು. "ನೀನು ತಿನ್ನಪ್ಪ, ಇಟ್ ಈಸ್ ನಾಟ್ ಸ್ಪೈಸಿ." ಅದು ಖಾರವಾಗಿಯೇ ಇತ್ತು.

ಸೋಮವಾರ ಊರ್ಮಿಳಾ ಲೈಬ್ರರಿಯ ಯಂತ್ರದ ಮುಂದೆ ಕೂತು ಹಳೆಯ ಸುರುಳಿಗಳನ್ನೇ ಮತ್ತೆ ತರಿಸಿಕೊಂಡಳು. ಹ್ರೂಬೆಶನ ಎರಡನೆಯ ಒಪೆರಾ ಗಿರಣಿಗಾರನ ವಿಧವೆಯೊಬ್ಬಳ ಕಥೆ. ಬೊಹೀಮಿಯಾದ ಒಂದು ಪುಟ್ಟ ಪಟ್ಟಣದ ರಂಗಮಂದಿರದಲ್ಲಿ ಒಂದೇ ಸಲ ಆಡಿ ನಿಂತುಹೋಗಿತ್ತು. ಅದು ನಿಂತದ್ದು ಹೇಗೆ ಎನ್ನುವುದೇ ಅವಳ ಪ್ರಬಂಧದ ನಡುವಿನ ಅಧ್ಯಾಯ, ಮೆಚ್ಚುಗೆ ಪಡೆದ ಅಧ್ಯಾಯ. ರಾಜಧಾನಿಯಿಂದ ಬಂದ ವಿಮರ್ಶಕರು ಅದನ್ನು ಕೊಂದರು, ಆದರೆ ಮೇಲಿನ ಗ್ಯಾಲರಿಯ ಅಗ್ಗದ ಟಿಕೇಟಿನ ಜನ, ಗಿರಣಿ ಕೆಲಸದವರು, ವಿದ್ಯಾರ್ಥಿಗಳು, ಅದನ್ನು ತಲೆಯ ಮೇಲೆ ಹೊತ್ತು ಮೆರೆಸಿದರು ಎಂದು ಅವಳು ಬರೆದಿದ್ದಳು. ಆಧಾರವಿತ್ತು. ಎರಡನೆಯ ಅಂಕದಿಂದ ಕೊನೆಯವರೆಗೂ ಗ್ಯಾಲರಿಯ ಸಿಳ್ಳೆ ನಿಲ್ಲಲಿಲ್ಲವೆಂದು ಸ್ಥಳೀಯ ಪತ್ರಿಕೆ ಹೇಳಿತ್ತು.

ಮೈಸೂರಿನಲ್ಲಿ ಅಜ್ಜನ ಜೊತೆ ಸಿನಿಮಾಕ್ಕೆ ಹೋದಾಗ ನಾಯಕ ತೆರೆಯ ಮೇಲೆ ಬಂದೊಡನೆ ಗಾಂಧಿ ಕ್ಲಾಸಿನಿಂದ, ಪರದೆಗೆ ಮೂಗು ತಾಗುವಂಥ ಆ ಮುಂದಿನ ಬೆಂಚುಗಳಿಂದ, ಏಳುತ್ತಿದ್ದ ಸಿಳ್ಳೆ ಅವಳಿಗೆ ಗೊತ್ತಿತ್ತು. ಕೆಲವರು ಚಿಲ್ಲರೆ ಎಸೆಯುವರು. ಹಾಗಾಗಿ ಪತ್ರಿಕೆಯ ಆ ಸಾಲನ್ನು ಓದಿದಾಗ ಅವಳು ನಿಘಂಟು ತೆರೆದಿರಲೇ ಇಲ್ಲ. ಅನುವಾದದಲ್ಲಿ ಸಿಳ್ಳೆ ಎಂದು ಕೂಡ ಬರೆಯದೆ, ಅದಕ್ಕಿಂತ ಸಭ್ಯವಾಗಿರಲಿ ಎಂದು, ಜಯಕಾರ ಎನ್ನುವ ಅರ್ಥದ 'ಚಿಯರಿಂಗ್' ಎಂದು ಬರೆದಿದ್ದಳು. ಮಾರ್ಗದರ್ಶಕಿ ಪ್ರೊಫೆಸರ್ ವಿಟ್ಲಾಕ್‌ಗೆ ಚೆಕ್ ಬರುತ್ತಿರಲಿಲ್ಲ. ಅವರು ಓದಿದ್ದು ಜಯಕಾರವನ್ನೇ.

ಈಗ ಸುರುಳಿ ತಿರುಗಿಸುತ್ತ ಹೋದಂತೆ ಬೇರೆ ನಾಟಕಗಳ, ಬೇರೆ ರಾತ್ರಿಗಳ ವರದಿಗಳೂ ಕಣ್ಣಿಗೆ ಬಿದ್ದವು. ಒಂದು ಕಡೆ ಸಿಳ್ಳೆ ಹಾಕಿದ ವಿದ್ಯಾರ್ಥಿಗಳನ್ನು ಪೊಲೀಸರು ಹೊರಗೆ ಹಾಕಿದ್ದರು. ಇನ್ನೊಂದು ಕಡೆ ಸಿಳ್ಳೆಗೆ ಹೆದರಿ ನಟಿಯೊಬ್ಬಳು ಮೂರ್ಛೆ ಹೋಗಿದ್ದಳು. ಇವೆಲ್ಲ ಆಗಲೂ ಅಲ್ಲೇ ಇದ್ದವು. ಅವಳು ಹ್ರೂಬೆಶನ ಹೆಸರು ಕಂಡಲ್ಲಿ ಮಾತ್ರ ನಿಲ್ಲಿಸಿ, ಉಳಿದದ್ದನ್ನು ಸರ್ರನೆ ಓಡಿಸಿಬಿಟ್ಟಿದ್ದಳು.

ರಾಜಧಾನಿಯ ವಿಮರ್ಶಕನೊಬ್ಬನ ಬರಹವನ್ನು ಕೊನೆಗೆ ನೋಡಿದಳು. ಅವಳ ಅಧ್ಯಾಯದಲ್ಲಿ ಅವನೇ ಮುಖ್ಯ ಖಳ. ಗ್ಯಾಲರಿಯ ಗದ್ದಲದಲ್ಲಿ ಮೂರನೆಯ ಅಂಕ ತನಗೆ ಕೇಳಿಸಲೇ ಇಲ್ಲ, ಆದ್ದರಿಂದ ಅದರ ಬಗ್ಗೆ ಬರೆಯಲಾರೆ ಎಂದು ಅವನು ಹೇಳಿದ್ದ. ಅದನ್ನು ಅವಳು ಶ್ರೀಮಂತನ ಸಿಡುಕು ಎಂದು ತಿಳಿದಿದ್ದಳು. ಈಗ ನೋಡಿದರೆ, ಆ ಗದ್ದಲದಲ್ಲಿ ಸುಮ್ಮನೆ ಕೂತು ಕೇಳಲು ಹೆಣಗಿದವನು ಬಹುಶಃ ಅವನೊಬ್ಬನೇ.

ಹ್ರೂಬೆಶ್ ತಂಗಿಗೆ ಬರೆದ ಕಾಗದ ಅವಳಿಗೆ ಬಾಯಿಗೇ ಬರುತ್ತಿತ್ತು. ತೆಗೆದು ನೋಡುವ ಅಗತ್ಯವಿರಲಿಲ್ಲ. ಗ್ಯಾಲರಿಯ ಸಿಳ್ಳೆ ಇನ್ನೂ ಕಿವಿಯಲ್ಲಿದೆ, ಗಾಡಿ ಹತ್ತಲಿಲ್ಲ, ಹಿಮದಲ್ಲಿ ಮನೆಯವರೆಗೂ ನಡೆದೇ ಹೋದೆ ಎಂದು ಬರೆದಿದ್ದ. ಈ ಸಾಲಿನಿಂದಲೇ ಅವಳು ಅಧ್ಯಾಯ ಮುಗಿಸಿದ್ದಳು. ಖುಷಿಯಲ್ಲಿ ಚಳಿಯೂ ತಿಳಿಯದೆ ನಡೆದು ಹೋದವನನ್ನು ಅವಳು ಮನಸ್ಸಿನಲ್ಲಿ ಎಷ್ಟೋ ಸಲ ಕಂಡಿದ್ದಳು. ಲೈಬ್ರರಿಯ ಹೊರಗೆ ಬಂದು ಮೆಟ್ರೋ ನಿಲ್ದಾಣದತ್ತ ಹೋಗುವಾಗ ಅದೇ ಮನುಷ್ಯ, ಅದೇ ಕೋಟು, ಅದೇ ಹಿಮ. ಆದರೆ ಈಗ ಅವನು ಅವಮಾನದಿಂದ ಗಾಡಿಯಲ್ಲಿ ಯಾರ ಪಕ್ಕವೂ ಕೂರಲಾರದೆ ನಡೆಯುತ್ತಿದ್ದ.

ಮರುದಿನ ವಿಟ್ಲಾಕ್ ಪೂರ್ತಿ ಕೇಳಿಸಿಕೊಂಡರು, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೈಯಲಿಲ್ಲ.

"ಮುಂದಿನ ತಿಂಗಳು ನಿನ್ನ ಮೌಖಿಕ ಪರೀಕ್ಷೆ. ಅಧ್ಯಾಯ ಹೊಸದಾಗಿ ಬರೆಯುವುದೆಂದರೆ ಡಿಸೆಂಬರಿಗೆ ಹೋಗುತ್ತದೆ. ಗ್ರೀನ್‌ವಿಲ್‌ನ ಕಾಲೇಜಿನವರು ಕೆಲಸ ಹಿಡಿದಿಟ್ಟು ಕಾಯುತ್ತಾರೆಯೇ?"

"ಇಲ್ಲ. ಆಗಸ್ಟಿಗೆ ಪದವಿ ಕೈಯಲ್ಲಿರಬೇಕು ಅಂದಿದ್ದಾರೆ."

"ಹಾಗಾದರೆ ಜಯಕಾರವನ್ನು ತೆಗೆದು ಪ್ರತಿಕ್ರಿಯೆ ಎಂದು ಹಾಕು. ಗ್ಯಾಲರಿಯ ತೀವ್ರ ಪ್ರತಿಕ್ರಿಯೆ. ಅದು ಸುಳ್ಳಲ್ಲವಲ್ಲ. ಮುಂದೆ ಪುಸ್ತಕ ಮಾಡುವಾಗ ಸರಿಪಡಿಸು. ಎಲ್ಲರೂ ಹಾಗೇ ಮಾಡುವುದು."

ಅವರು ಅವಳ ಒಳ್ಳೆಯದಕ್ಕೇ ಹೇಳಿದ್ದು. ಅವಳು ಥ್ಯಾಂಕ್ಸ್ ಹೇಳಿ ಬಂದಳು.

ಬರುವ ಜೂನಿನಿಂದ ಶಶಾಂಕನಿಗೆ ಅಟ್ಲಾಂಟಾಕ್ಕೆ ವರ್ಗವಾಗಿತ್ತು. ಅಲ್ಲಿಂದ ಕಾರಿನಲ್ಲಿ ಹೋಗಿಬರುವಷ್ಟು ದೂರದಲ್ಲಿ, ಸೌತ್ ಕ್ಯಾರೊಲಿನಾದ ಗ್ರೀನ್‌ವಿಲ್ ಹತ್ತಿರದ ಪುಟ್ಟ ಕಾಲೇಜೊಂದು ಅವಳಿಗೆ ಪಾಠ ಹೇಳುವ ಕೆಲಸ ಕೊಟ್ಟಿತ್ತು. ಮದುವೆಯಾಗಿ ಇಲ್ಲಿಗೆ ಬಂದಾಗಿನಿಂದ ಅವಳ ವೀಸಾ ಗಂಡನ ವೀಸಾದ ಬಾಲ, ದುಡಿಯುವಂತಿಲ್ಲ. ಅವಳದೇ ಹೆಸರಿನಲ್ಲಿ ವೀಸಾ ಮಾಡಿಸಿಕೊಡಲು ಆ ಕಾಲೇಜು ಒಪ್ಪಿತ್ತು. ಆ ಸುದ್ದಿ ಬಂದ ದಿನ ಶಶಾಂಕ್ ಲ್ಯಾನ್‌ಹ್ಯಾಮ್‌ನ ದೇವಸ್ಥಾನಕ್ಕೆ ಕರೆದುಕೊಂಡು ಹೋಗಿ ಅವಳ ಹೆಸರಿನಲ್ಲಿ ಅರ್ಚನೆ ಮಾಡಿಸಿದ್ದ.

ವಿಟ್ಲಾಕ್‌ರನ್ನು ಕಂಡು ಬಂದ ದಿನ ಸಂಜೆ ಅವನು ಬರುವ ಹೊತ್ತಿಗೆ ಊರ್ಮಿಳಾ ಅಡುಗೆಮನೆಯಲ್ಲಿ ಕಾಫಿ ಸೋಸುತ್ತಿದ್ದಳು. ಹಾಲ್‌ನಲ್ಲಿ ಅಟ್ಲಾಂಟಾಕ್ಕೆಂದು ಅರ್ಧ ತುಂಬಿದ್ದ ರಟ್ಟಿನ ಪೆಟ್ಟಿಗೆಗಳು ಬಾಯಿ ತೆರೆದುಕೊಂಡಿದ್ದವು. ಕಿಟಕಿಯ ಹೊರಗೆ ಇನ್ನೂ ಬಿಸಿಲಿತ್ತು.

"ಏನಂದ್ರು ನಿಮ್ಮ ವಿಟ್ಲಾಕ್ ಮೇಡಂ?"

"ಪದ ಬದಲಾಯಿಸು ಅಂದ್ರು. ರೆಸ್ಪಾನ್ಸ್ ಅಂತ ಹಾಕ್ಬೇಕಂತೆ."

"ಅಷ್ಟೇನಾ?" ಅವನು ಟೈ ಸಡಿಲ ಮಾಡಿಕೊಳ್ಳುತ್ತಲೇ ಕಂಪ್ಯೂಟರ್ ಆನ್ ಮಾಡಿದ. "ಅದಕ್ಕಾ ಎರಡು ದಿನದಿಂದ ಸಾರಿಗೆ ಉಪ್ಪು ಹಾಕ್ತಿಲ್ಲ?"

"ಅಷ್ಟೇ ಅಲ್ಲ ರೀ. ಅವನು ಅವಮಾನ ಆಗಿ ಮನೆಗೆ ನಡ್ಕೊಂಡು ಹೋಗಿದಾನೆ. ನಾನು ಅವನಿಗೆ ಮೆರವಣಿಗೆ ಮಾಡಿಸಿಬಿಟ್ಟಿದೀನಿ."

"ಒಳ್ಳೇದೇ ಮಾಡಿದ್ಯಲ್ಲ ಪಾಪ. ಬದುಕಿದ್ದಾಗ ಯಾರೂ ಮಾಡಿಸ್ಲಿಲ್ಲ."

ಅವಳು ನಗಲಿಲ್ಲ. ಲೋಟವನ್ನು ಅವನ ಪಕ್ಕ ಇಟ್ಟಳು.

"ನೋಡು ಊರ್ಮಿ," ಅವನು ದನಿ ತಗ್ಗಿಸಿದ. "ನಾವು ಸಾಫ್ಟ್‌ವೇರ್‌ನೋರು ದಿನಾ ಬೆಳಗಾದ್ರೆ ಇದೇ ಮಾಡೋದು. ತಪ್ಪಿದೆ ಅಂತ ಗೊತ್ತಿರುತ್ತೆ, ಡೇಟ್ ಬಂದಿರುತ್ತೆ, ಹಾಗೇ ಶಿಪ್ ಮಾಡಿ ಕಳಿಸಿಬಿಡ್ತೀವಿ. ಮುಂದಿನ ವರ್ಷನ್‌ನಲ್ಲಿ ಫಿಕ್ಸ್ ಮಾಡ್ತೀವಿ. ಯಾರೂ ಸಾಯಲ್ಲ."

"ನಿಮ್ದು ಫಿಕ್ಸ್ ಮಾಡ್ತೀರ ಅಂತ ಕಾಯೋರು ಇರ್ತಾರೆ. ಇವನ ಬಗ್ಗೆ ಬರೆದಿರೋಳು ನಾನೊಬ್ಬಳೇ."

"ಅದನ್ನೇ ನಾನೂ ಹೇಳೋದು. ಓದೋರು ಯಾರು? ಅವನೇನು ನಿನ್ನ ಡಿಫೆನ್ಸ್ ಪರೀಕ್ಷೆಗೆ ಬರ್ತಾನಾ?"

"ಬಂದ್ರೆ?"

"ಬಂದ್ರೆ ಶೈಲಜಾ ಆಂಟಿ ಕೈಲಿ ಬಿಸಿಬೇಳೆಬಾತ್ ಹಾಕ್ಸೋಣ. ಹಿಂದೆ ನೋಡದೆ ಓಡಿ ಹೋಗ್ತಾನೆ."

ಈ ಸಲ ಅವಳಿಗೆ ನಗು ಬಂತು. ಅವನಿಗೂ ಧೈರ್ಯ ಬಂತು. ನೀಲಿ ತೆರೆಯ ಮೇಲೆ ಅವಳ ಅಧ್ಯಾಯ ತೆರೆದುಕೊಂಡಿತು. ಹುಡುಕಬೇಕಾದ ಪದವನ್ನು ಒಂದು ಕಡೆ, ಅದರ ಜಾಗಕ್ಕೆ ಬರಬೇಕಾದ ಪದವನ್ನು ಇನ್ನೊಂದು ಕಡೆ ಅವನು ಚಕಚಕನೆ ಹೊಡೆದ.

"ಚಿಯರಿಂಗ್ ಇದ್ದಲ್ಲೆಲ್ಲ ರೆಸ್ಪಾನ್ಸ್. ಕಾಫಿ ಆರೋದ್ರೊಳಗೆ ಮುಗಿಯುತ್ತೆ. ಆಮೇಲೆ ನೀನು ಗ್ರೀನ್‌ವಿಲ್‌ಗೆ ಡ್ರೈವ್ ಮಾಡ್ಕೊಂಡು ಹೋಗು, ನಾನು ಮನೇಲಿ ಅನ್ನ ಮಾಡಿಟ್ಟಿರ್ತೀನಿ. ಸಾಕಾ?"

ಊರ್ಮಿಳಾ ಅವನ ಭುಜದ ಮೇಲಿನಿಂದ ತೆರೆಯನ್ನು ನೋಡಿದಳು. ಕೊನೆಯ ಪುಟ. ಹಿಮದಲ್ಲಿ ನಡೆದು ಹೋಗುವ ವಾಕ್ಯದಲ್ಲಿ ಆ ಪದ ಇರಲೇ ಇಲ್ಲ. ಅಲ್ಲಿ ಏನೂ ಬದಲಾಗುವುದಿಲ್ಲ. ಎಲ್ಲ ಪದಗಳನ್ನು ಬದಲಿಸಿದ ಮೇಲೂ ಹ್ರೂಬೆಶ್ ಖುಷಿಯಾಗಿಯೇ ಮನೆ ಸೇರುತ್ತಾನೆ.

"ಡಿಸೆಂಬರ್ ಅಂದ್ರೆ ಗ್ರೀನ್‌ವಿಲ್ ಇಲ್ಲ, ಗೊತ್ತಲ್ಲ?" ಎಂದ ಶಶಾಂಕ್.

"ಗೊತ್ತು."

"ಇನ್ನೊಂದು ಕಾಲೇಜು ಸಿಗುತ್ತೋ ಇಲ್ವೋ."

"ಗೊತ್ತು ರೀ."

ಅವನು ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಎದ್ದು, ಕೀಬೋರ್ಡನ್ನು ಅವಳ ಕಡೆ ತಿರುಗಿಸಿದ. ಪದ ಬದಲಿಸಲೇ ಎಂದು ಕೇಳುವ ಸಾಲು ತೆರೆಯ ಕೆಳಗೆ ಮಿನುಗುತ್ತ ಕಾಯುತ್ತಿತ್ತು.

"ನಿನ್ನ ಥೀಸಿಸ್, ನಾನು ಮಾಡಿದೆ ಅಂತ ಆಗೋದು ಬೇಡ. ಒಂದೇ ಒಂದು ಕೀ. ನೀನೇ ಒತ್ತು."

"ಒತ್ತಲ್ಲ," ಎಂದಳು ಊರ್ಮಿಳಾ.